ಗುಂಡೇಟಿನ ತೂತಿಗೆ ಹೂವಿನ ತೇಪೆ

ಗುಂಡ್ಲುಪೇಟೆಯ ಕನಕರಾಜು ಸೈನ್ಯದಲ್ಲಿ ಇದ್ದವನಲ್ಲ. ವಯಸ್ಸಿನಲ್ಲಿ ಸೇರಲು ಹೋದಾಗ ಎದೆಯ ಅಳತೆ ಸಾಲದೆಂದು ವಾಪಸು ಕಳಿಸಿದ್ದರು. ಈಗ ಎದೆಗಿಂತ ಸ್ವಲ್ಪ ಕೆಳಗೆ ಅಳತೆ ಧಾರಾಳವಾಗಿ ಬಂದಿದೆ, ಕರೆಯುವವರಿಲ್ಲ. ಹೈಸ್ಕೂಲಿನ ಆಫೀಸಿನಲ್ಲಿ ಕೂತು ಟಿ.ಸಿ.ಗಳಿಗೆ ಮೊಹರು ಒತ್ತುವಾಗಲೂ ಅವನ ಮನಸ್ಸು ಯಾವುದೋ ಗಡಿಯ ಕಂದಕದಲ್ಲಿ ಮಂಡಿಯೂರಿರುತ್ತಿತ್ತು.

ಈ ವೀರಾವೇಶಕ್ಕೆ ಒಂದು ದಾರಿ ಬೇಕಲ್ಲ. ಅವನು ಹಳೆಯ ಕಾಲದ ಮಿಲಿಟರಿ ಹೆಲ್ಮೆಟ್ಟುಗಳನ್ನು ಕೂಡಿಡಲು ಶುರುಮಾಡಿದ. ಅಸಲಿ ಹೆಲ್ಮೆಟ್ಟಿನ ಕನಸು ಕಾಣುವ ಯೋಗ್ಯತೆ ಅವನ ಸಂಬಳಕ್ಕಿರಲಿಲ್ಲ. ಅಸಲಿಯಂತೆಯೇ ಕಾಣುವ ಹೊಸ ನಕಲುಗಳು ಆನ್‌ಲೈನಿನಲ್ಲಿ ಸಿಗುತ್ತಿದ್ದವು. ಮೊದಲನೆಯದು ಮನೆಗೆ ಬಂದ ದಿನ ಹೆಂಡತಿ ಸುಧಾಮಣಿಗೆ ಬಹಳ ಸಂತೋಷವಾಯಿತು. ಗಂಡ ಕಡೆಗೂ ಸ್ಕೂಟರಿಗೆ ಹೆಲ್ಮೆಟ್ ತಂದನೆಂದು ಅವಳು ತಿಳಿದಿದ್ದಳು. ಇದು ಹಾಕಿಕೊಳ್ಳುವುದಕ್ಕಲ್ಲ, ನೋಡುವುದಕ್ಕೆ ಎಂದು ಗೊತ್ತಾದ ಮೇಲೆ, ಹಾಗಾದರೆ ಹಾಕಿಕೊಳ್ಳುವುದು ಎಲ್ಲಿ ಎಂದು ಕೇಳಿದಳು. ಆ ಪ್ರಶ್ನೆ ಇನ್ನೂ ಪರಿಶೀಲನೆಯಲ್ಲಿದೆ.

ಮಿಲಿಟರಿ ಹೆಲ್ಮೆಟ್ಟಿನ ಮೇಲೆ ಹಸಿರು, ಕಂದು ಮಚ್ಚೆಗಳ ಬಟ್ಟೆಯ ಕವರೊಂದು ಇರುತ್ತದೆ, ಕಾಡಿನಲ್ಲಿ ಸೈನಿಕನ ತಲೆ ಕಾಣದಿರಲಿ ಎಂದು. ಕನಕರಾಜು ತರಿಸಿದ ಕವರು ಎಷ್ಟು ದೊಗಳೆಯಾಗಿತ್ತೆಂದರೆ, ಹೆಲ್ಮೆಟ್ಟು ಕೂಸಿನ ಕುಲಾವಿ ಹಾಕಿಕೊಂಡು ಕೂತಂತೆ ಕಾಣುತ್ತಿತ್ತು. ಸುಧಾಮಣಿ ಮನೆಯ ಮುಂದಿನ ಕೋಣೆಯಲ್ಲಿ ಬ್ಲೌಸ್ ಹೊಲಿಯುವವಳು. ಅವಳ ಮುಖ ನಗುತ್ತಿದ್ದ ಹೊತ್ತು ನೋಡಿ ಇವನು ವಿನಂತಿ ಸಲ್ಲಿಸಿದ. ಅವಳು ಹೆಲ್ಮೆಟ್ಟನ್ನು ತೊಡೆಯ ಮೇಲೆ ಬೋರಲು ಹಾಕಿ, ಟೇಪು ಹಿಡಿದು, ಬ್ಲೌಸಿಗೆ ಹಿಡಿಯುವಂತೆಯೇ ನಾಲ್ಕು ಕಡೆ ಟಕ್ಸ್ ಹಿಡಿದು, ಅಂಚಿಗೆ ಲಾಡಿ ಎಳೆದುಕೊಟ್ಟಳು. ಕವರು ಈರುಳ್ಳಿಯ ಸಿಪ್ಪೆಯ ಹಾಗೆ ಅಂಟಿಕೊಂಡಿತು. ಕನಕರಾಜು ಹೆಲ್ಮೆಟ್ ಪ್ರಿಯರ ವಾಟ್ಸಾಪ್ ಗುಂಪಿಗೆ ಅದರ ಫೋಟೋ ಹಾಕಿ, ಕೆಳಗೆ ‘ಫಿಟ್ಟಿಂಗ್ ಮತ್ತು ವಿನ್ಯಾಸ: ಕನಕರಾಜು’ ಎಂದು ಬರೆದ. (ಸುಧಾಮಣಿಯ ಹೆಸರಿಗೆ ಜಾಗವಿರಲಿಲ್ಲ ಎಂಬುದು ಅವನ ವಾದ. ಜಾಗ ಬೇಕಾದಷ್ಟಿತ್ತು.)

ಮಾರನೆಯ ದಿನವೇ ಚಾಮರಾಜನಗರದ ಮಲ್ಲಿಕಾರ್ಜುನಸ್ವಾಮಿಯವರ ಫೋನು ಬಂತು. ಬ್ಯಾಂಕ್ ಮ್ಯಾನೇಜರಾಗಿ ನಿವೃತ್ತರಾದ ಅವರ ಮನೆಯ ಹಾಲ್‌ನ ಶೋಕೇಸಿನಲ್ಲಿದ್ದಷ್ಟು ಹೆಲ್ಮೆಟ್ಟುಗಳು ಗುಂಪಿನಲ್ಲಿ ಬೇರೆ ಯಾರ ಬಳಿಯೂ ಇರಲಿಲ್ಲ. ಒಂದು ಹೆಲ್ಮೆಟ್ಟನ್ನು ಬಸ್ಸಿಗೆ ಹಾಕಿ ಕಳಿಸುತ್ತೇನೆ, ಕವರು ಚರ್ಮದ ಹಾಗೆ ಕೂರಬೇಕು, ಜೊತೆಗೆ ಯುದ್ಧ ಕಂಡು ಬಂದ ಹಾಗೆ ಕಾಣಬೇಕು ಎಂದರು. ಭಾನುವಾರ ಹೆಂಡತಿಯೊಡನೆ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗುವವರು ದಾರಿಯಲ್ಲಿ ಬಂದು ನೋಡುತ್ತಾರಂತೆ. ಮೆಚ್ಚಿಗೆಯಾದರೆ ಶೋಕೇಸಿನ ಅಷ್ಟೂ ತಲೆಗಳಿಗೆ ಕವರು ಹೊಲಿಸುವ ಕೆಲಸ ಕನಕರಾಜುವಿನ ಪಾಲಿಗೆ.

ಹೆಲ್ಮೆಟ್ಟು ಬಂದ ದಿನವೇ ಕನಕರಾಜು ಮನೆಯಲ್ಲಿ ಇಲಾಖೆಗಳನ್ನು ಹಂಚಿದ. ಹೊಲಿಗೆ ಹೆಂಡತಿಗೆ, ಯುದ್ಧ ತನಗೆ.

“ಎಲೆ ಸಿಗಿಸಕ್ಕೆ ಅಲ್ಲಲ್ಲಿ ಸಣ್ಣ ಸೀಳು ಬುಡು,” ಎಂದ.

“ತಲೆ ಮೇಲೆ ಎಲೆ ಯಾಕ್ರೀ?”

“ಶತ್ರು ಕಣ್ಗೆ ಬೀಳಬಾರ್ದು ಅಂತ.”

ಸುಧಾಮಣಿ ದಾರ ಕಚ್ಚಿ ತುಂಡರಿಸಿ ಸ್ವಲ್ಪ ಯೋಚಿಸಿದಳು. “ಅಂಗಾರೆ ನನ್ಗೂ ಒಂದು ಹೊಲ್ಕತೀನಿ. ನಿಮ್ಮಕ್ಕ ಬಂದಾಗ ಬೇಕಾಯ್ತದೆ,” ಎಂದಳು.

ಮದುವೆಯ ಬ್ಲೌಸುಗಳ ರಾಶಿಯನ್ನು ಪಕ್ಕಕ್ಕೆ ಸರಿಸಿ ಅವಳು ಹೊಲಿದುಕೊಟ್ಟ ಕವರಿನಲ್ಲಿ ಒಂದು ಸುಕ್ಕಿರಲಿಲ್ಲ. ಅದೇ ಕನಕರಾಜುವಿನ ಚಿಂತೆಗೆ ಕಾರಣವಾಯಿತು. ಯುದ್ಧ ಅಷ್ಟು ನೀಟಾಗಿ ನಡೆಯುವುದಿಲ್ಲ. ಅವನು ಕವರನ್ನು ಚಹಾದ ಡಿಕಾಕ್ಷನ್ನಿನಲ್ಲಿ ಅದ್ದಿದ, ಕೆಮ್ಮಣ್ಣು ಹಚ್ಚಿದ, ಸ್ಕೂಟರಿನ ಕರೀ ಆಯಿಲ್ ಚಿಮುಕಿಸಿದ, ತೆಂಗಿನ ಗುಂಜಿನಿಂದ ಅಂಚುಗಳನ್ನು ತಿಕ್ಕಿ ಎಳೆ ಎಬ್ಬಿಸಿದ. ಆಮೇಲೆ ದೇವರ ಮನೆಯಿಂದ ಊದಿನಕಡ್ಡಿ ತಂದು, ಹಣೆಯ ನೇರಕ್ಕೆ ಒತ್ತಿ ಒಂದು ತೂತು ಮಾಡಿದ. ಸುತ್ತಲೂ ಕಂದು ಉಂಗುರ ಬಂತು. ಅಪ್ಪಟ ಗುಂಡೇಟು! (ಸ್ವಲ್ಪ ಮಲ್ಲಿಗೆಯ ವಾಸನೆ ಇತ್ತು, ಅಷ್ಟೆ.)

ಇಷ್ಟಾದರೂ ತೃಪ್ತಿಯಾಗದೆ ಸಂಜೆ ಸ್ಕೂಟರು ಹತ್ತಿ ಕುದೇರಿನ ಮಾವನ ಹೊಲಕ್ಕೆ ಹೋದ. ಅಲ್ಲಿ ಅರಿಸಿನದ ಗಿಡಗಳ ನಡುವೆ ಹೆಲ್ಮೆಟ್ ಹಾಕಿಕೊಂಡು, ಸೀಳುಗಳಿಗೆ ಅರಿಸಿನದ ಎಲೆ ಸಿಕ್ಕಿಸಿ, ಮೊಣಕೈ ಊರಿ ತೆವಳಿದ. ಪಕ್ಕದ ಹೊಲದ ದೊಡ್ಡಬೀರಯ್ಯ ಎಲೆಗಳು ಅಲುಗಾಡುವುದನ್ನು ನೋಡಿ, ಹಂದಿ ನುಗ್ಗಿದೆಯೆಂದು ಕಲ್ಲು ಬೀಸಿದ. ಟಣ್ ಎಂದಿತು. ತಾನು ಹೊಡೆದ ಹಂದಿ ಎದ್ದು ನಿಂತು ಕೈಮುಗಿದದ್ದು ಕಂಡು ದೊಡ್ಡಬೀರಯ್ಯ ಹೌಹಾರಿದ. ಕನಕರಾಜು ಮಾತ್ರ ಧನ್ಯನಾಗಿದ್ದ. ಈಗ ಈ ಕವರು ಶತ್ರುವಿನ ದಾಳಿಯನ್ನೂ ಕಂಡಂತಾಯಿತು.

ದೊಡ್ಡಬೀರಯ್ಯ ಈ ಸುದ್ದಿಯನ್ನು ಕನಕರಾಜುವಿನ ಅತ್ತೆ ಶಿವಮ್ಮನಿಗೆ ಮುಟ್ಟಿಸಿದ. ಹೊಲದಲ್ಲಿ ಅಂಬೆಗಾಲಿಡುವ ಅಳಿಯನನ್ನು ಕಟ್ಟಿಕೊಂಡು ಮಗಳು ಹೇಗಿದ್ದಾಳೋ ಎಂದು ಅವಳ ಕರುಳು ಚುರುಕ್ಕೆಂದಿತು. ಶನಿವಾರ ಬೆಳಗಿನ ಮೊದಲ ಬಸ್ಸಿಗೇ ಗುಂಡ್ಲುಪೇಟೆಗೆ ಬಂದಿಳಿದಳು. ಕನಕರಾಜು ಅತ್ತೆಗೆ ನಮಸ್ಕಾರ ಮಾಡಿ ಸ್ಕೂಲಿಗೆ ಹೋದ. ಹೋಗುವ ಮುನ್ನ ಹೆಲ್ಮೆಟ್ಟನ್ನು ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟುಹೋದ. ಅದೇ ತಪ್ಪಾಯಿತು.

ಮಧ್ಯಾಹ್ನ ಬಂದು ನೋಡಿದರೆ ಹೆಲ್ಮೆಟ್ಟು ಮದುಮಗನಂತೆ ಹೊಳೆಯುತ್ತಿದೆ. ಕವರಿನಲ್ಲಿ ಮಣ್ಣಿಲ್ಲ, ಆಯಿಲ್ ಇಲ್ಲ, ಎಬ್ಬಿಸಿದ ಎಳೆಯೊಂದೂ ಇಲ್ಲ. ಗಂಜಿ ಹಾಕಿ ಇಸ್ತ್ರಿ ಮಾಡಿದ್ದರಿಂದ ಗರಿಗರಿ ಎನ್ನುತ್ತಿದೆ. ಗುಂಡೇಟಿನ ಜಾಗದಲ್ಲಿ, ಯಾರದೋ ಮದುವೆಯ ಬ್ಲೌಸಿನಿಂದ ಉಳಿದ ಕೆಂಪು ರೇಷ್ಮೆಯ ಚೂರು ಹೂವಾಗಿ ಅರಳಿದೆ. ನಡುವೆ ಹಳದಿ ದಾರದ ಕುಸುರಿ ಬೇರೆ.

“ಅಂಥ ಕೊಳಕು ಬಟ್ಟೆ ತಲೆ ಮೇಲೆ ಆಕ್ಕಂಡು ತಿರುಗುದ್ರೆ ಜನ ನನ್ ಮಗಳ್ನ ಏನಂದಾರು ಅಳಿಯಂದ್ರೆ?” ಎಂದಳು ಶಿವಮ್ಮ. “ಸೋಪಾಕಿ ಚೆನ್ನಾಗಿ ಕುಕ್ಕಿದೆ. ಒಂದು ತೂತಿತ್ತು, ಅದ್ನೂ ಮುಚ್ಚಿವ್ನಿ.”

ಅತ್ತೆಯ ಮುಂದೆ ಕೂಗಾಡುವಂತಿಲ್ಲ. ಕನಕರಾಜು ಹಿತ್ತಲಿಗೆ ಹೋಗಿ ದಾಸವಾಳದ ಗಿಡದ ಮುಂದೆ ನಿಂತು ಕೂಗಾಡಿ ಬಂದ. ನೀನಾದರೂ ತಡೆಯಬಾರದಿತ್ತೇ ಎಂದು ಹೆಂಡತಿಯನ್ನು ಕೇಳಿದ್ದಕ್ಕೆ, ಅವ್ವ ಒಗೆಯುತ್ತಿದ್ದದ್ದು ನಿಮ್ಮ ಶರಟು ಎಂದುಕೊಂಡೆ, ಅದರ ಬಣ್ಣವೂ ಹಾಗೇ ಇರುತ್ತದಲ್ಲ ಎಂದಳು. ಇವನು ಬೊಗಸೆ ಮಣ್ಣು ತಂದು ಗುಟ್ಟಾಗಿ ಹಚ್ಚಿ ನೋಡಿದ. ಗಂಜಿಯ ಮೇಲೆ ಮಣ್ಣು ನಿಲ್ಲಲಿಲ್ಲ. ಅವನ ಮಣ್ಣಿನ ಕೈ ಮಾತ್ರ ಶಿವಮ್ಮನ ಕಣ್ಣಿಗೆ ಬಿದ್ದಿತು. ಅವಳು ಅಲ್ಲಿಂದ ಮುಂದೆ ಹೆಲ್ಮೆಟ್ಟಿನ ಪಕ್ಕವೇ ಚಾಪೆ ಹಾಸಿ ಕಾವಲು ಕೂತಳು.

ಭಾನುವಾರ ಮಲ್ಲಿಕಾರ್ಜುನಸ್ವಾಮಿಯವರ ಕಾರು ಬಂತು. ಹುರಿಮೀಸೆಯ ದೊಡ್ಡಾಳು ಅವರು; ಹಿಂದೆ ಹೆಂಡತಿ ಬೃಂದಾ. ಕನಕರಾಜು ಇದು ಪರೇಡಿನಲ್ಲಿ ಹಾಕುವ ವಿಶೇಷ ಕವರು ಎಂಬ ಭಾಷಣವನ್ನು ಬಾಯಿಪಾಠ ಮಾಡಿಕೊಂಡಿದ್ದ. ಕೇಸರಿಬಾತಿನ ತಟ್ಟೆ ಕೆಳಗಿಟ್ಟು ಅವರು ಹೆಲ್ಮೆಟ್ಟನ್ನು ಕೈಗೆತ್ತಿಕೊಂಡರು, ತಿರುಗಿಸಿದರು, ಹೂವಿನ ಹತ್ತಿರ ಬಂದು ನಿಂತರು. ಮೀಸೆಯ ತುದಿಗಳು ಇಳಿದವು.

“ಕನಕರಾಜು, ಇದು ಯಾವ ದೇಶದ ಸೈನ್ಯ?” ಎಂದು ಕೇಳಿದರು.

ಭಾಷಣ ಮರೆತುಹೋಯಿತು. ಇನ್ನು ಗುಂಪಿನಲ್ಲಿ ತಲೆಯೆತ್ತುವಂತಿಲ್ಲ ಎಂದು ಅವನು ನೆಲ ನೋಡುತ್ತಿರುವಾಗ, ಬೃಂದಾ ಗಂಡನ ಕೈಯಿಂದ ಹೆಲ್ಮೆಟ್ಟನ್ನು ತೆಗೆದುಕೊಂಡರು. ಆ ಶೋಕೇಸನ್ನು ವರ್ಷಗಟ್ಟಲೆ ಒರೆಸಿದ ಕೈ ಅದು. ಬಂದ ನೆಂಟರೆಲ್ಲ ಇವನ್ನು ಗುಜರಿಯಿಂದ ತಂದದ್ದೇ ಎಂದು ಕೇಳಿದ್ದನ್ನು ಕೇಳಿಸಿಕೊಂಡ ಕಿವಿಯೂ ಅವರದೇ. ಅವರು ಹೂವಿನ ಮೇಲೆ ಬೆರಳಾಡಿಸಿದರು.

“ನಮ್ಮನೆಯವ್ರು ಇಷ್ಟ್ ವರ್ಷದಲ್ಲಿ ತಂದಿರೋದ್ರಲ್ಲಿ ಹಾಲ್‌ನಲ್ಲಿ ಇಡಂಗಿರೋದು ಇದೊಂದೇ ಕಣ್ರೀ,” ಎಂದರು. “ಯಾರು ಮಾಡಿದ್ದು ಇದು?”

ಕನಕರಾಜು ಅಭ್ಯಾಸಬಲದಿಂದ ಬಾಯಿ ತೆರೆದ. ಅಷ್ಟರಲ್ಲಿ ಬೃಂದಾ ಅಡುಗೆಮನೆಯ ಬಾಗಿಲಲ್ಲಿ ಸೆರಗಿಗೆ ಕೈ ಒರೆಸುತ್ತ ನಿಂತು ತನ್ನ ಹೂವನ್ನು ಹೆಮ್ಮೆಯಿಂದ ನೋಡುತ್ತಿದ್ದ ಶಿವಮ್ಮನನ್ನು ಕಂಡು ಅತ್ತ ಹೋಗಿಯೇಬಿಟ್ಟಿದ್ದರು. ಸುಧಾಮಣಿ ಟೇಪು ತಂದಳು. ಮೂವರೂ ಚಾಪೆಯ ಮೇಲೆ ಕೂತರು. ಶೋಕೇಸಿನ ಎಲ್ಲ ಹೆಲ್ಮೆಟ್ಟುಗಳಿಗೂ ಕವರು, ಒಂದೊಂದಕ್ಕೂ ಬೇರೆ ಹೂವು ಎಂದು ತೀರ್ಮಾನವಾಯಿತು. ಮಲ್ಲಿಕಾರ್ಜುನಸ್ವಾಮಿಯವರು ಇದು ಇತಿಹಾಸಕ್ಕೆ ಮಾಡುವ ಅಪಚಾರ ಎಂದು ಆಕ್ಷೇಪ ಎತ್ತಿದರು. ಇತಿಹಾಸವನ್ನೂ ಒಗೆದು ಮಡಿಸಿ ಇಡಬಹುದು ಎಂದು ಬೃಂದಾ ಹೇಳಿದರು. ಒಂದು ಬ್ಯಾಂಕಿನ ಶಾಖೆಯನ್ನೇ ನಡುಗಿಸಿದ್ದ ಮನುಷ್ಯ ಇನ್ನಷ್ಟು ಕೇಸರಿಬಾತು ಹಾಕಿಸಿಕೊಂಡು ಜಗುಲಿಗೆ ಬಂದರು.

ಕನಕರಾಜು ಪಕ್ಕದಲ್ಲಿ ಬಂದು ಕೂತ. ಅವರು ದನಿ ತಗ್ಗಿಸಿ, ಮೊದಲು ಹೇಗಿತ್ತು ಎಂದು ಕೇಳಿದರು. ಇವನು ಡಿಕಾಕ್ಷನ್ನು, ಕೆಮ್ಮಣ್ಣು, ಊದಿನಕಡ್ಡಿ, ಅರಿಸಿನದ ಹೊಲ, ದೊಡ್ಡಬೀರಯ್ಯನ ಕಲ್ಲು ಎಲ್ಲವನ್ನೂ ಬಣ್ಣಿಸಿದ. ಊದಿನಕಡ್ಡಿಯ ಘಟ್ಟದಲ್ಲಿ ಅವರು ಕಣ್ಣು ಮುಚ್ಚಿ ತಲೆದೂಗಿದರು. ಕಲ್ಲು ಬಿದ್ದಾಗ ಇವನ ಬೆನ್ನು ತಟ್ಟಿದರು. ಒಳಗಿನಿಂದ ಹೆಂಗಸರ ನಗು ಕೇಳುತ್ತಿತ್ತು. ಬೆಟ್ಟಕ್ಕೆ ಹೊರಡಬೇಕೆಂದು ಇಬ್ಬರಿಗೂ ನೆನಪಾದದ್ದು ಬಹಳ ತಡವಾಗಿ.

ಬೃಂದಾ ಅಂದೇ ಹೆಲ್ಮೆಟ್ಟಿನ ಫೋಟೋವನ್ನು, ಯಾರು ಮಾಡಿದ್ದೆಂಬ ವಿವರದ ಸಮೇತ, ಸ್ಟೇಟಸ್ಸಿಗೆ ಹಾಕಿದರು. ಮುಂದಿನ ವಾರ ಕನಕರಾಜುವಿಗೆ ಮಡಿಕೇರಿಯಿಂದ ಒಂದು ಕರೆ ಬಂತು. ಗುಂಪಿನಲ್ಲಿರುವ ಒಬ್ಬ ದೊಡ್ಡ ಸಂಗ್ರಾಹಕರು. ಫಿಟ್ಟಿಂಗ್ ಮಾಡುವ ಕನಕರಾಜು ನೀವೇನಾ ಎಂದು ಕೇಳಿದರು. ಇವನು ಅಂಗಿ ಸರಿಮಾಡಿಕೊಂಡು, ಒಳಗಿನವರಿಗೂ ಕೇಳಲೆಂದು ಸ್ಪೀಕರ್ ಒತ್ತಿ, ಹೌದು ನಾನೇ ಎಂದ.

“ಸಾರ್, ನಮ್ಮನೆಯವ್ರು ಮಾತಾಡ್ಬೇಕಂತೆ,” ಎಂದಿತು ಫೋನು. “ನಿಮ್ಮತ್ತೆಗೆ ಕೊಡಿ.”

ಕುದೇರಿಗೆ ವಾಪಸು ಹೋಗುವ ಮಾತನ್ನೇ ಎತ್ತದೆ ಕಿಟಕಿಯ ಬಳಿ ಹೊಲಿಯುತ್ತಿದ್ದ ಶಿವಮ್ಮ ಫೋನನ್ನು ಇಸಿದುಕೊಂಡಳು. ತಾವರೆಯೋ ಸಂಪಿಗೆಯೋ ಎಂಬ ಚರ್ಚೆ ಶುರುವಾಯಿತು. ಮಾತಿನ ನಡುವೆಯೇ ಸೂಜಿ ಮತ್ತು ದಾರವನ್ನು ಅಳಿಯನ ಕಡೆ ಚಾಚಿ, ಪೋಣಿಸಿಕೊಡಿ ಎಂದು ಸನ್ನೆ ಮಾಡಿದಳು. ಕನಕರಾಜು ದಾರದ ತುದಿಯನ್ನು ತುಟಿಗೆ ತಾಗಿಸಿ, ಒಂದು ಕಣ್ಣು ಮುಚ್ಚಿ ಗುರಿಯಿಟ್ಟ. ದಾರ ಮೊದಲ ಸಲಕ್ಕೇ ಒಳಗೆ ಹೋಯಿತು. ಯಾರಾದರೂ ನೋಡಿದರೇನೋ ಎಂದು ಸುತ್ತಲೂ ಕಣ್ಣಾಡಿಸಿದ. ಯಾರೂ ನೋಡಿರಲಿಲ್ಲ.