ಬಾಗಿಲಲ್ಲಿ ಆಡಿದ ಮಾತಿಗೆ ಫೀಸೆಷ್ಟು?

ನಮ್ಮ ಸೋದರತ್ತೆ ಇವತ್ತಿನವರೆಗೆ ಯಾರ ಮನೆಯಿಂದಲೂ ಒಂದೇ ಸಲಕ್ಕೆ ಹೊರಟವರಲ್ಲ. ಹಾಗಂತ ಕೂತು ಮಾತಾಡುವವರೂ ಅಲ್ಲ! ಕೂತರೆ ಏಳಬೇಕು, ಎದ್ದರೆ ಹೊರಡಬೇಕು, ಹೊರಟರೆ ಮಾತು ಶುರುವಾಗಬೇಕು. ಯಲಹಂಕದ ನಮ್ಮ ಮನೆಗೆ ಬಂದರೆ ಸೋಫಾದಲ್ಲಿ ಒಂದು "ಬರ್ತೀನಿ", ಬಾಗಿಲಲ್ಲಿ ಒಂದು, ಗೇಟಿನಲ್ಲಿ ಒಂದು, ಸ್ಕೂಟರ್ ಸ್ಟಾರ್ಟ್ ಮಾಡಿಕೊಂಡು ಇನ್ನೊಂದು. ಅತ್ತ ಪೆಟ್ರೋಲ್ ಸುಡುತ್ತಿರುತ್ತದೆ, ಇತ್ತ ಅತ್ತೆ ನಮ್ಮಮ್ಮನಿಗೆ ಹುಳಿಪುಡಿಯ ಅಳತೆ ಹೇಳುತ್ತಿರುತ್ತಾರೆ.

ಅತ್ತೆ ವಕೀಲೆ. ಆರ್.ಟಿ. ನಗರದ ಹಳೇ ಮನೆಯೊಂದರಲ್ಲಿ ಅವರ ಲಾ ಫರ್ಮು. ಈಚೆಗೆ ಅಲ್ಲಿಗೆ ಒಂದು ಎಐ ಸಹಾಯಕ ಬಂತು. ಅದು ಫೋನಿನಲ್ಲೇ ಇದ್ದು, ವಕೀಲರು ಕಕ್ಷಿದಾರರ ಜೊತೆ ಆಡುವ ಮಾತು ಕೇಳಿಸಿಕೊಂಡು, ಎಷ್ಟು ಹೊತ್ತಾಯಿತು, ಯಾರ ಬಿಲ್ಲಿಗೆ ಸೇರಿಸಬೇಕು ಎಂದು ಬರೆದುಕೊಳ್ಳುತ್ತದೆ. ಆದರೆ ಯಾವುದಕ್ಕೆ ಬಿಲ್, ಯಾವುದಕ್ಕಿಲ್ಲ ಅಂತ ಅದಕ್ಕೆ ಸ್ಪಷ್ಟವಾಗಿ ನಿಯಮ ಬರೆದುಕೊಡಬೇಕು. ಆ ಕೆಲಸ ಯಾರ ಪಾಲಿಗೆ ಬಿತ್ತು ಹೇಳಿ? ಅತ್ತೆಯ ಪಾಲಿಗೆ! ಮಂಗನ ಕೈಗೆ ಮಾಣಿಕ್ಯ ಅಂದವಳು ನಾನಲ್ಲ, ನಮ್ಮಪ್ಪ. ಅವರ ತಂಗಿ, ಅವರಿಗೆ ಹಕ್ಕಿದೆ. ಅತ್ತೆ ಕೂರುವುದಿಲ್ಲವಲ್ಲ, ಟೈಪ್ ಮಾಡಲು ನನ್ನನ್ನು ಎಳೆದುಕೊಂಡು ಹೋದರು.

ಮೊದಲ ನಿಯಮ: ಕಕ್ಷಿದಾರರು "ಬರ್ತೀನಿ" ಅಂದಕೂಡಲೇ ಸಮಯ ನಿಲ್ಲಿಸು. ಅಷ್ಟರಲ್ಲಿ ಒಬ್ಬರು ಫೋನ್ ಮಾಡಿ, ಹೆಬ್ಬಾಳದ ಫ್ಲೈಓವರಿನಲ್ಲಿ ಸಿಕ್ಕಿಕೊಂಡಿದ್ದೇನೆ, ಬರ್ತೀನಿ ಅಂದರು. ಅವರು ಫ್ಲೈಓವರ್ ಇಳಿಯುವ ಮೊದಲೇ ಯಂತ್ರ ಭೇಟಿ ಮುಗಿಸಿ ಬಿಲ್ ಸಿದ್ಧಮಾಡಿತ್ತು! ಹಾಗಾದರೆ ಹೊರಡುವವರು "ಹೋಗ್ತೀನಿ" ಅನ್ನಲಿ ಎಂದೆ. ನಡೆಯುತ್ತಿದ್ದ ಅತ್ತೆ ಗಕ್ಕನೆ ನಿಂತರು.

"ಮೊದ್ಲೇ ಕೋರ್ಟು ಕಚೇರಿ ಅಂತ ಅಲೀತಿರ್ತಾರೆ. ಅವ್ರ ಬಾಯಲ್ಲಿ ಹೋಗ್ತೀನಿ ಅನ್ನಿಸ್ತೀಯೇನೇ?"

ಆಮೇಲೆ "ಒಂದ್ನಿಮಿಷ ಇರಿ" ಎಂಬ ಮಾತಿನ ಸರದಿ. ಯಂತ್ರ, ಪಾಪ, ಒಂದೇ ನಿಮಿಷ ಬರೆದುಕೊಂಡಿತು. ಬೆಂಗಳೂರಿನಲ್ಲಿ ಒಂದ್ನಿಮಿಷ ಅಂದರೆ ಎಷ್ಟು ಹೊತ್ತು ಅಂತ ಇಲ್ಲೇ ಹುಟ್ಟಿದ ನನಗೇ ಗೊತ್ತಿಲ್ಲ, ಅದಕ್ಕೆಲ್ಲಿಂದ ಗೊತ್ತಾಗಬೇಕು?

ಕೊನೆಗೆ ಉಳಿದದ್ದು ಬಾಗಿಲು. ನಮ್ಮ ಜನ ಒಳಗೆ ಕೂತು ಟ್ರಾಫಿಕ್ಕಿನ ಕಷ್ಟ ಹೇಳಿಕೊಂಡು, ಮುಖ್ಯವಾದದ್ದನ್ನು ಚಪ್ಪಲಿ ಮೆಟ್ಟುವಾಗ ಹೇಳುತ್ತಾರೆ. ಅದಕ್ಕೂ ಬಿಲ್ ಹಾಕಬೇಕೆಂದು ಫರ್ಮಿನ ಹಿರಿಯರ ಹಟ. ಸಂಜೆಯೊಳಗೆ ನಿಯಮ ಕೈಗೆ ಸೇರಬೇಕೆಂದೂ ಹೇಳಿದ್ದರು. ಅತ್ತೆಗೆ ಮನಸ್ಸಿಲ್ಲ, ಯಾಕೆ ಅಂತ ಹೇಳಲೂ ಬಾರದು. ವರಾಂಡದ ಆ ತುದಿಯಿಂದ ಈ ತುದಿಗೆ ಚಡಪಡಿಸುತ್ತಿದ್ದರು.

ಆಗ ಚಿಕ್ಕಜಾಲದಿಂದ ಒಬ್ಬ ಹೆಂಗಸು ತಮ್ಮ ಅಣ್ಣನ ಜೊತೆ ಬಂದರು. ಅಪ್ಪನ ಜಮೀನಿನಲ್ಲಿ ತಮಗೆ ಬರುವ ಪಾಲನ್ನು ಅಣ್ಣನಿಗೆ ಬಿಟ್ಟುಕೊಡುವ ಪತ್ರ ಬರೆಸಬೇಕಿತ್ತು. ವರಾಂಡದಲ್ಲಿದ್ದ ನನಗೆ ಕೇಳಿಸಿದ್ದೆಲ್ಲ ಅಣ್ಣನ ದನಿಯೇ. ಅತ್ತೆ ಕೇಳಿದ್ದಕ್ಕೆಲ್ಲ ಆಕೆ ಹ್ಞೂಂ ಅಂದರು. ನಾಳೆಯೇ ಸೈನ್ ಎಂದು ನಿಶ್ಚಯವಾಯಿತು. ಅಣ್ಣ ಕಾರು ತಿರುಗಿಸಲು ಹೋದ.

ಆಕೆ "ಬತ್ತೀನಿ" ಅಂದು ಚಪ್ಪಲಿ ಮೆಟ್ಟುತ್ತ, ತಲೆ ಎತ್ತದೆಯೇ ಅಂದರು: "ಸೈನು ಆಕಾಕೆ ನಂಗೆ ಮನ್ಸಿಲ್ಲ ಮೇಡಮ್ಮೋರೆ. ಅಣ್ಣನ ಮುಂದೆ ಎಂಗೆ ಏಳ್ಲಿ?" ಆಮೇಲೆ ಅತ್ತೆಯ ಕೈಯಲ್ಲಿದ್ದ ಫೋನ್ ನೋಡಿ ಗಾಬರಿಯಾದರು. "ಇದ್ಕೂ ಪೀಜು ಕಟ್ಬೇಕಾ?"

"ಇಲ್ಲಮ್ಮ. ಬಾಗ್ಲಲ್ಲಿ ಆಡೋ ಮಾತಿಗೆ ಫೀಸಿಲ್ಲ," ಅಂದರು ಅತ್ತೆ. ನಾನು ಅದನ್ನು ಹಾಗೇ ಟೈಪ್ ಮಾಡಿದೆ. ಅದಕ್ಕಿಂತ ಸ್ಪಷ್ಟವಾದ ನಿಯಮ ಬೆಳಗಿನಿಂದ ಒಂದೂ ಹುಟ್ಟಿರಲಿಲ್ಲ.

ಅಣ್ಣ ಹಾರ್ನ್ ಹೊಡೆದ. ಅತ್ತೆ ಗೇಟಿಗೆ ಹೋಗಿ, ನಿಮ್ಮ ತಂಗಿಯ ಹತ್ತಿರ ನಾನೊಬ್ಬಳೇ ಮಾತಾಡಬೇಕು, ಅಲ್ಲಿಯವರೆಗೆ ಪತ್ರ ಬರೆಯುವುದಿಲ್ಲ, ನೀವು ಹೊರಡಿ ಅಂದರು. ಅವನು ಏನೇನೋ ಕೂಗಾಡಿ ಹೊರಟುಹೋದ. ಆಕೆಗೆ ಅಳು ಬಂತು. ಸುಳ್ಳೇಕೆ, ನನಗೂ ಬಂತು. ಅತ್ತೆ ವಾಪಸು ಬಂದು ಮೆಟ್ಟಿಲ ಮೇಲೆ ಆಕೆಯ ಪಕ್ಕ ಕೂತರು. ಕತ್ತಲಾಗುವವರೆಗೂ ಏಳಲಿಲ್ಲ.