ದೋಸ್ತಿ ಡಬ್ಬಿಯ ಕ್ಯಾಸೆಟ್ಟು

ಈ ಭೂಮಿಯ ಮೇಲೆ ವಿಂಗಡಿಸಲಾಗದ ವಸ್ತು ಎಂಬುದೇ ಇಲ್ಲ, ವಿಂಗಡಿಸುವವನು ಮೆಹಬೂಬಸುಭಾನಿ ಆಗಿರಬೇಕು ಅಷ್ಟೇ. ಇದು ಊರವರು ಹೊಗಳಿ ಹೇಳಿದ ಮಾತೆಂದು ತಿಳಿಯಬೇಡಿ. ಗಜೇಂದ್ರಗಡದ ಪೇಟೆಯಲ್ಲಿ ಬಳೆ ಅಂಗಡಿ ಇಟ್ಟುಕೊಂಡಿದ್ದ ಸ್ವತಃ ಮೆಹಬೂಬಸುಭಾನಿಯೇ ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದ ಮಾತು.

ಪೂರಾ ಸುಳ್ಳೂ ಅಲ್ಲ. ಹೆಣ್ಣುಮಗಳೊಬ್ಬಳು ಅಂಗಡಿಯ ಮೆಟ್ಟಿಲು ಹತ್ತುವಷ್ಟರಲ್ಲಿ ಅವಳ ಮುಂಗೈ ನೋಡಿ ಅಳತೆ ಹೇಳಿಬಿಡುತ್ತಿದ್ದ. ಹಸಿರು ಬೇರೆ, ಕೆಂಪು ಬೇರೆ, ಚುಕ್ಕಿಯದು ಬೇರೆ, ಗೀರಿನದು ಬೇರೆ ಎಂದು ಸಾವಿರಾರು ಬಳೆಗಳನ್ನು ಕಣ್ಣು ಮುಚ್ಚಿಕೊಂಡು ಡಬ್ಬಿಗೆ ಹಾಕುತ್ತಿದ್ದ. ಇಂಥ ಕೈಗೆ ಎರಡು ಸಾವಿರದ ನಾಲ್ಕನೆಯ ಇಸವಿಯ ಸುಮಾರಿಗೆ ಹೊಸ ಸರಕು ಸಿಕ್ಕಿತು. ಬಳೆ ತರಲು ಹುಬ್ಬಳ್ಳಿಗೆ ಹೋದವನು, ಬಳೆಯ ಜತೆಗೆ ಟಿವಿಗೆ ಹಚ್ಚಿ ಆಡುವ ವಿಡಿಯೋ ಗೇಮಿನದೊಂದು ಸೆಟ್ಟನ್ನೂ ಒಂದು ಚೀಲ ತುಂಬ ಕ್ಯಾಸೆಟ್ಟುಗಳನ್ನೂ ಹೊತ್ತುಕೊಂಡು ಬಂದ. ಅಂಗಡಿಯ ಮೂಲೆಯಲ್ಲಿಟ್ಟು ಬಾಡಿಗೆಗೆ ಕೊಡುವ ವಿಚಾರ.

ಮೊದಲು ವಿಂಗಡಣೆ ಆಗಬೇಕಲ್ಲ. ನಡುಮನೆಯಲ್ಲಿ ಚಾಪೆ ಹಾಸಿ, ಖಾಲಿ ಬಳೆ ಡಬ್ಬಿಗಳನ್ನು ಸಾಲಾಗಿ ಇಟ್ಟುಕೊಂಡು, ನವಾಬನ ಹಾಗೆ ಕುಳಿತ. ಕ್ಯಾಸೆಟ್ಟಿನ ಮೇಲಿನ ಚಿತ್ರ ನೋಡುವುದು, ಡಬ್ಬಿಗೆ ಹಾಕುವುದು. ಚಿತ್ರದಲ್ಲಿ ಗಾಡಿ ಇದ್ದರೆ ಓಟದ ಆಟ. ಬಂದೂಕು ಇದ್ದರೆ ಜಗಳದ ಆಟ. ಇಬ್ಬರು ಹೆಗಲಿಗೆ ಹೆಗಲು ಹಚ್ಚಿ ನಿಂತಿದ್ದರೆ ದೋಸ್ತಿ ಆಟ. ಏನಿದೆಯೆಂದೇ ತಿಳಿಯದಿದ್ದರೆ ಅದು ಬುದ್ಧಿಯ ಆಟ.

ಹೆಂಡತಿ ಸೈರಾಬಾನು ಈರುಳ್ಳಿ ಹೆಚ್ಚುತ್ತ ನೋಡುತ್ತಿದ್ದಳು.

"ಒಂದರ ಆಡಿ ನೋಡ್ರಿ. ಆಮ್ಯಾಲೆ ಡಬ್ಬಿಗಿ ಹಾಕ್ರಿ."

"ಬಳೆಗಾರ ಬಳಿ ಮಾರಬೇಕಂದ್ರ ಮೊದಲ ತಾ ಹಾಕ್ಕೊಂಡು ನೋಡತಾನೇನ?"

"ಬಳಿ ಮ್ಯಾಲೆ ಕಂಡಿದ್ದ ಒಳಗೂ ಇರತೈತಿ. ಇವು ಹಂಗಲ್ಲ ಅನಸತೈತಿ ನನಗ."

"ನಿನಗ ಅನಸತೈತಿ. ನನಗ ಗೊತ್ತೈತಿ," ಎಂದ ಮೆಹಬೂಬಸುಭಾನಿ. ಸೈರಾಬಾನು ಮತ್ತೆ ಈರುಳ್ಳಿಯ ಕಡೆ ತಿರುಗಿದಳು. ಅವಳ ತಲೆಯಲ್ಲಿ ಇದಕ್ಕಿಂತ ದೊಡ್ಡ ಚಿಂತೆಯಿತ್ತು.

ಮಗಳು ಜಬೀನಳ ಶಾದಿ ಮುಂದಿನ ತಿಂಗಳು. ಶಾದಿಯೆಂದರೆ ಒಂದು ಬದಿಗೆ ಹುಡುಗಿಯ ದೊಡ್ಡಪ್ಪ ನಿಲ್ಲಬೇಕು, ಇನ್ನೊಂದು ಬದಿಗೆ ಸೋದರಮಾವ ನಿಲ್ಲಬೇಕು. ದೊಡ್ಡಪ್ಪ ಎಂದರೆ ಮೆಹಬೂಬಸುಭಾನಿಯ ಅಣ್ಣ, ರಾಜೂರಿನಲ್ಲಿ ಹೊಲ ಮಾಡಿಕೊಂಡಿದ್ದ ಇಸ್ಮಾಯಿಲಸಾಬ. ಮಾವ ಎಂದರೆ ಸೈರಾಬಾನುವಿನ ಅಣ್ಣ, ನರೇಗಲ್ಲಿನಲ್ಲಿ ಗಾದಿ ಹೊಲಿಯುವ ಯೂಸುಫ. ಇವರಿಬ್ಬರ ನಡುವೆ ಎರಡು ವರ್ಷದಿಂದ ಮಾತಿಲ್ಲ. ಕಾರಣ ಆಸ್ತಿಯಲ್ಲ, ಪಾಸ್ತಿಯಲ್ಲ. ಇಸ್ಮಾಯಿಲಸಾಬ ತನ್ನ ಮಗನ ಮದುವೆಗೆ ಬೀಗರನ್ನು ಮನೆಗೆ ಹೋಗಿ ಕರೆಯುವುದು ಬಿಟ್ಟು, ಕಾರ್ಡನ್ನು ನರೇಗಲ್ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕೊಟ್ಟು ಕಳಿಸಿದ್ದ. "ನಾ ಏನ್ ಪಾರ್ಸಲ್ ಏನು?" ಎಂದು ಯೂಸುಫ ಮದುವೆಗೆ ಹೋಗಲಿಲ್ಲ. "ಕಾರ್ಡ್ ಮುಟ್ಟಿದ ಮ್ಯಾಲೂ ಬರಲಿಲ್ಲ" ಎಂದು ಇಸ್ಮಾಯಿಲಸಾಬ ಸಿಟ್ಟಾದ. ಅಂದಿನಿಂದ ಯೂಸುಫ ತಂಗಿಯ ಹೊಸ್ತಿಲನ್ನೂ ತುಳಿದಿರಲಿಲ್ಲ.

ಸೈರಾಬಾನು ಹತ್ತು ಸಲ ಹೇಳಿ ಕಳಿಸಿ, ಅತ್ತು, ಆಣೆ ಹಾಕಿ, ಈದಿನ ಮರುದಿನ ಇಬ್ಬರನ್ನೂ ಊಟಕ್ಕೆ ಒಪ್ಪಿಸಿದ್ದಳು. ಇಬ್ಬರೂ ಒಂದೇ ತಾಟಿನಲ್ಲಿ ಕೈ ಹಾಕಿದರೆ ಶಾದಿ ಸುಸೂತ್ರ. ಯೂಸುಫ ಉಣ್ಣದೆ ಎದ್ದು ಹೋದನೋ, ಮಗಳ ಚಪ್ಪರದಲ್ಲಿ ತವರಿನವರಿಲ್ಲ.

"ಅದನ್ನ ನನಗ ಬಿಡು," ಎಂದ ಮೆಹಬೂಬಸುಭಾನಿ, ದೋಸ್ತಿ ಡಬ್ಬಿಯ ಮೇಲೆ ಕೈಯಿಟ್ಟು. "ಊಟಕ್ಕ ಮೊದಲ ಇಬ್ಬರನ್ನೂ ಆಟಕ್ಕ ಕುಂದರಸ್ತೀನಿ. ನಿನ್ನ ಪಲಾವ್ ಬೇಯೂದರೊಳಗ ಅವರು ಒಬ್ಬರ ಹೆಗಲ ಮ್ಯಾಲೆ ಒಬ್ಬರು ಕೈ ಹಾಕಿರತಾರ."

ಆ ದಿನ ಬಂತು. ಇಸ್ಮಾಯಿಲಸಾಬ ರುಮಾಲು ಸುತ್ತಿಕೊಂಡು ಬಂದು ಮೂಡಣ ಗೋಡೆಗೆ ಆತು ಕುಳಿತ. ಯೂಸುಫ ಹೊಸ ಟೊಪ್ಪಿಗೆ ಹಾಕಿಕೊಂಡು ಬಂದು ಪಡುವಣ ಗೋಡೆಗೆ ಆತು ಕುಳಿತ. ನಡುವೆ ಟಿವಿ. ಒಬ್ಬ ಮೇಲಿನ ಫ್ಯಾನು ನೋಡಿದರೆ ಇನ್ನೊಬ್ಬ ಕೆಳಗಿನ ಜಮಖಾನ ನೋಡಿದ.

"ಮೆಹಬೂಬ, ಮಳಿ ಆತೇನಂತ ನರೇಗಲ್ ಕಡಿ? ಯಾರನ್ನರ ಕೇಳು," ಎಂದ ಇಸ್ಮಾಯಿಲಸಾಬ.

"ಆಗೈತಂತ ಹೇಳ್ರಿ, ಕೇಳಿದವರಿಗೆ," ಎಂದ ಯೂಸುಫ.

ಮೆಹಬೂಬಸುಭಾನಿ ತಡಮಾಡಲಿಲ್ಲ. ದೋಸ್ತಿ ಡಬ್ಬಿಯ ರತ್ನದಂಥ ಕ್ಯಾಸೆಟ್ಟನ್ನು ತೆಗೆದ. ಚಿತ್ರದಲ್ಲಿ ಇಬ್ಬರು ಗಟ್ಟಿಮುಟ್ಟಾದ ಆಳುಗಳು, ಭುಜಕ್ಕೆ ಭುಜ ತಾಗಿಸಿ, ಒಡಹುಟ್ಟಿದವರ ಹಾಗೆ ನಿಂತಿದ್ದರು. ಒಂದೊಂದು ರಿಮೋಟು ಇಬ್ಬರ ಕೈಗೂ ಕೊಟ್ಟ.

"ಬಡೇಭಾಯಿ, ನೀಲಿ ಅಂಗಿಯವ ನೀವು. ಕೆಂಪು ಅಂಗಿಯವ ಯೂಸುಫಭಾಯಿ. ಈ ಗುಂಡಿ ಒತ್ತಿದ್ರ ನಿಮ್ಮವ ಅವರಿಗೆ ಸಲಾಮ್ ಮಾಡತಾನ."

ಇಸ್ಮಾಯಿಲಸಾಬ ಎಷ್ಟೆಂದರೂ ಹಿರಿಯ. ತಮ್ಮನ ಮನೆ, ಮಗಳ ಶಾದಿ ಎಂದುಕೊಂಡು, ಗಂಟಲು ಸರಿಮಾಡಿಕೊಂಡು ಗುಂಡಿ ಒತ್ತಿದ. ನೀಲಿ ಅಂಗಿಯವನು ಎರಡು ಹೆಜ್ಜೆ ಮುಂದೆ ಬಂದು ಕೆಂಪು ಅಂಗಿಯವನ ದವಡೆಗೆ ಬಿಗಿದ.

"ನೋಡಿದ್ರಿಲ್ಲ, ಸಲಾಮು," ಎಂದ ಯೂಸುಫ ಫ್ಯಾನಿಗೆ.

"ನಾ ಎಲ್ಲಿ ಹೊಡದೆ? ಗುಂಡಿ ಒತ್ತು ಅಂದ, ಒತ್ತಿದೆ," ಎಂದ ಇಸ್ಮಾಯಿಲಸಾಬ ಜಮಖಾನಕ್ಕೆ.

"ನಮಗೂ ಒಂದು ಗುಂಡಿ ಐತಿ," ಎಂದು ಯೂಸುಫ ತನ್ನದನ್ನು ಒತ್ತಿದ. ಕೆಂಪು ಅಂಗಿಯವನು ಹಾರಿ ಬಂದು ನೀಲಿಯವನ ಎದೆಗೆ ಒದ್ದ. ಗಾದಿ ಹೊಲಿದು ಪಳಗಿದ ಬೆರಳು ಒಂದು ಕಡೆ, ನೇಗಿಲು ಹಿಡಿದು ಗಟ್ಟಿಯಾದ ಹೆಬ್ಬೆರಳು ಇನ್ನೊಂದು ಕಡೆ. ಒದೆ, ಗುದ್ದು, ಎತ್ತಿ ಒಗೆತ! ನೀಲಿಯವನು ನೆಲಕ್ಕೆ ಬಿದ್ದು ಮೇಲೇಳದಿದ್ದಾಗ ಇಸ್ಮಾಯಿಲಸಾಬನ ಮುಖ ಹಂಡೆಯ ತಳದಷ್ಟು ಕಪ್ಪಾಗಿತ್ತು.

ಸೌಟು ಹಿಡಿದೇ ಸೈರಾಬಾನು ಅಡಿಗೆಮನೆಯ ಪರದೆ ಸರಿಸಿದಳು. "ಏನ್ರೀ ಅದು ಸಪ್ಪಳ?"

"ದೋಸ್ತಿ ಸುರು ಆಗೈತಿ," ಎಂದ ಮೆಹಬೂಬಸುಭಾನಿ, ಕ್ಯಾಸೆಟ್ಟು ಕಿತ್ತು ಬೆನ್ನ ಹಿಂದೆ ಬಚ್ಚಿಟ್ಟು.

ಒಂದು ಬಳೆ ಒಡೆಯಿತೆಂದು ವ್ಯಾಪಾರ ನಿಲ್ಲುತ್ತದೆಯೇ? ಆಳುಗಳಿದ್ದರೆ ತಾನೇ ಹೊಡೆದಾಟ. ಬುದ್ಧಿಯ ಡಬ್ಬಿಯಿಂದ ಇನ್ನೊಂದು ತೆಗೆದ. ಅದರಲ್ಲಿ ಮನುಷ್ಯರೇ ಇಲ್ಲ, ಬರೀ ಬಣ್ಣದ ಇಟ್ಟಿಗೆಗಳು. ಮೇಲಿನಿಂದ ಒಂದೊಂದಾಗಿ ಇಳಿಯುತ್ತವೆ, ಸಂದಿಲ್ಲದಂತೆ ಕೂಡಿಸಿ ಸಾಲು ತುಂಬಿಸಬೇಕು. ಟಿವಿ ಪರದೆಯ ಅರ್ಧ ಅವನಿಗೆ, ಅರ್ಧ ಇವನಿಗೆ. ಯಾರ ಗೊಡವೆಯೂ ಯಾರಿಗಿಲ್ಲ.

ಇಸ್ಮಾಯಿಲಸಾಬ ಹೊಲದ ಒಡ್ಡು ಹಾಕುವವನ ಶಿಸ್ತಿನಿಂದ ಇಟ್ಟಿಗೆ ಜೋಡಿಸುತ್ತ ಹೋದ. ಮುಖ ತುಸು ಸಡಿಲಾಯಿತು. ಮೆಹಬೂಬಸುಭಾನಿ ಮೀಸೆ ತಿರುವಿದ. ಅಷ್ಟರಲ್ಲಿ ಯೂಸುಫನ ಕಡೆ ಮೂರು ಸಾಲು ಒಮ್ಮೆಗೇ ತುಂಬಿ ಮಾಯವಾದವು. ಮಾಯವಾದವು ಎಲ್ಲಿಗೆ ಹೋದವು? ಇಸ್ಮಾಯಿಲಸಾಬನ ಅಂಗಳದಲ್ಲಿ, ತಳದಿಂದ, ಕಸದ ಕಲ್ಲಾಗಿ ಎದ್ದು ಬಂದವು.

"ಮೆಹಬೂಬ, ನನ್ನ ಹದ್ದಿನಾಗ ಕಲ್ಲು ಬಂದುವು."

"ಹಂಗ ಬರತಾವೇನೋ, ಬಡೇಭಾಯಿ."

"ಹಂಗ ಹ್ಯಾಂಗ ಬರತಾವ? ಆ ಕಡಿ ಮಂದಿ ತಮ್ಮ ಕಸ ತಗದು ನನ್ನ ಕಡಿ ಒಗ್ಯಾಕ ಹತ್ಯಾರ."

"ನಾವೇನ್ ಒಗದಿಲ್ಲ. ನಮ್ಮ ಮನಿ ನಾವು ಚಂದ ಇಟಗೊಂಡೀವಿ ಅಂತ ಹೇಳ್ರಿ ಅವರಿಗೆ," ಎಂದ ಯೂಸುಫ, ಇನ್ನೆರಡು ಸಾಲು ತುಂಬಿಸುತ್ತ.

ಮೆಹಬೂಬಸುಭಾನಿ ಅದನ್ನೂ ಕಿತ್ತ. ಅವನ ಧೈರ್ಯ ಮಾತ್ರ ಇನ್ನೂ ಕಿತ್ತುಹೋಗಿರಲಿಲ್ಲ. ಓಟದ ಡಬ್ಬಿಗೆ ಕೈ ಹಾಕಿದ. ಚಿತ್ರದಲ್ಲಿ ಗಾಡಿಗಳಿದ್ದವು, ಒಳಗೂ ಗಾಡಿಗಳೇ ಬಂದವು. ಇವತ್ತಿನ ಮಟ್ಟಿಗೆ ಅದೇ ಒಂದು ವಿಜಯ. ಇಬ್ಬರದೂ ಬೇರೆ ಬೇರೆ ಗಾಡಿ, ಬೇರೆ ಬೇರೆ ದಾರಿ, ಗುದ್ದುವ ಮಾತೇ ಇಲ್ಲ. ಆದರೆ ಓಟ ಎಂದ ಮೇಲೆ ಒಬ್ಬ ಮುಂದೆ, ಒಬ್ಬ ಹಿಂದೆ. ಯೂಸುಫನ ಗಾಡಿ ಬಾಣದಂತೆ ಹೋಯಿತು. ಇಸ್ಮಾಯಿಲಸಾಬನದು ಮೊದಲನೆಯ ತಿರುವಿನಲ್ಲೇ ಹುಲ್ಲಿಗೆ ಇಳಿದು, ಮೇಯಲು ಬಂದ ಎಮ್ಮೆಯ ಹಾಗೆ ನಿಂತುಕೊಂಡಿತು.

ಆಗ ಯೂಸುಫನ ಬಾಯಿಂದ ಬಂತು ನೋಡಿ ಮಾತು:

"ಬಸ್ಸಿನ ಕಂಡಕ್ಟರನ ಕೈಯಾಗ ಕೊಟ್ಟು ಕಳಸಬೇಕಿತ್ತು. ಲಗೂ ಮುಟ್ಟತಿತ್ತು."

ಇಸ್ಮಾಯಿಲಸಾಬ ರಿಮೋಟನ್ನು ನೆಲಕ್ಕಿಟ್ಟ. ಯೂಸುಫನೂ ತಾನಾಡಿದ ಮಾತಿಗೆ ತಾನೇ ಬೆಚ್ಚಿದನಾದರೂ, ಹಿಂದೆ ಸರಿಯುವ ಕುಳವಲ್ಲ. ಎದ್ದು, ಬಾಗಿಲ ಬಳಿ ಚಪ್ಪಲಿಗೆ ಕಾಲು ತೂರಿಸಿದ. ಒಳಗಿನಿಂದ ಪಲಾವಿನ ಘಮ ಬಂದು ನಡುಮನೆಯಲ್ಲಿ ಯಾರಿಗೂ ಬೇಡವಾಗಿ ನಿಂತಿತು. ಸೈರಾಬಾನು ಅಡಿಗೆಮನೆಯಿಂದ ಸೌಟು ಹಿಡಿದೇ ಹೊರಗೆ ಬಂದಳು.

"ಭಾಯಿ, ಉಣ್ಣದ ಹೋಗಬ್ಯಾಡ್ರಿ," ಎಂದಳು.

"ಹೋಗೂದಾದ್ರ ಹೋಗಲಿ," ಎಂದ ಇಸ್ಮಾಯಿಲಸಾಬ, ಮೊದಲ ಬಾರಿಗೆ ದನಿ ಎತ್ತಿ. "ಆದರ ಗೆದ್ದು ಹೋಗೂದು ಬ್ಯಾಡ. ಮೆಹಬೂಬ, ಬಂದೂಕಿಂದು ಐತೇನು? ತಗಿ. ಮನಸಿನಾಗಿಂದೆಲ್ಲಾ ಇವತ್ತ ಮುಗದ ಹೋಗಲಿ."

"ಬಡೇಭಾಯಿ, ಅದು ಜಗಳದ ಡಬ್ಬಿದು..."

"ತಗಿ ಅಂದೆ."

"ತಗೀರಿ ಮತ್ತ," ಎಂದ ಯೂಸುಫ, ಚಪ್ಪಲಿ ಕಳಚಿ. "ನಾವೂ ನೋಡತೀವಿ."

ದೋಸ್ತಿ ಡಬ್ಬಿಯಲ್ಲೇ ದವಡೆ ಮುರಿಯುವಂಥದ್ದು ಇತ್ತೆಂದರೆ, ಜಗಳದ ಡಬ್ಬಿಯಲ್ಲಿ ಏನಿದ್ದೀತು? ಮೆಹಬೂಬಸುಭಾನಿ ಮನಸ್ಸಿನಲ್ಲೇ ಅಲ್ಲಾಹನನ್ನು ನೆನೆದು ಕ್ಯಾಸೆಟ್ಟು ಹಾಕಿದ. ಕಾಡು, ಬೆಂಕಿ, ಹೊಗೆ. ಇಬ್ಬರು ಸಿಪಾಯಿಗಳು ಆಕಾಶದಿಂದ ಧುಮುಕಿದರು, ಪಕ್ಕಪಕ್ಕದಲ್ಲಿ.

ಇಸ್ಮಾಯಿಲಸಾಬ ಗುರಿಯಿಟ್ಟು ಯೂಸುಫನ ಸಿಪಾಯಿಗೆ ಹೊಡೆದ. ಗುಂಡು ಅವನೊಳಗಿಂದ ಆರಪಾರ ಹೋಯಿತು. ಅವನಿಗೆ ಏನೂ ಆಗಲಿಲ್ಲ. ಮತ್ತೆ ಹೊಡೆದ. ಏನೂ ಇಲ್ಲ. ಯೂಸುಫ ತಿರುಗಿ ಹೊಡೆದ. ಅದೂ ಅಷ್ಟೇ.

"ಏನೋ ಇದು, ಗುಂಡು ತಾಗವಲ್ದು ಇವರಿಗೆ?" ಎಂದ ಇಸ್ಮಾಯಿಲಸಾಬ.

"ಇವರಿಗೂ ತಾಗವಲ್ದು. ಕೆಟ್ಟೈತೇನ್ರಿ ನಿಮ್ಮ ಮಿಷನ್ನು?"

ಅಷ್ಟರಲ್ಲಿ ಬಲಗಡೆಯಿಂದ ವೈರಿಗಳ ದಂಡು ನುಗ್ಗಿ ಬಂತು. ಆ ಗುಂಡುಗಳು ಚೆನ್ನಾಗಿಯೇ ತಾಗಿದವು. ಇಸ್ಮಾಯಿಲಸಾಬನ ಸಿಪಾಯಿ ಸತ್ತ, ಎದ್ದ, ಮತ್ತೆ ಸತ್ತ.

"ಹಿಂದ ಸರೀರಿ," ಎಂದು ಯೂಸುಫನ ಬಾಯಿಂದ ತಾನಾಗಿ ಬಂತು. "ಮ್ಯಾಲಿನಾವನ್ನ ನಾ ನೋಡಕೋತೀನಿ. ನೀವು ಕೆಳಗ ಹೊಡೀರಿ."

"ಹೊಡ್ಯಾಕ ಹತ್ತೀನಲ್ಲ. ಎಡಕ್ಕ ಬಂದ ನೋಡ ಒಬ್ಬ."

ಫ್ಯಾನೂ ಇಲ್ಲ, ಜಮಖಾನವೂ ಇಲ್ಲ. ಇಬ್ಬರೂ ನೇರ ಒಬ್ಬರಿಗೊಬ್ಬರು ಮಾತಾಡಿದ್ದರು, ಅದು ಇಬ್ಬರಿಗೂ ತಿಳಿದಿರಲಿಲ್ಲ. ಗೋಡೆ ಬಿಟ್ಟು ಜಮಖಾನದ ನಡುವಿಗೆ ಜರುಗಿ ಬಂದಿದ್ದೂ ತಿಳಿದಿರಲಿಲ್ಲ. ಸೇತುವೆಯೊಂದರ ಮೇಲೆ ಇಸ್ಮಾಯಿಲಸಾಬನ ಸಿಪಾಯಿ ತನ್ನ ಪಾಲಿನ ಕಡೆಯ ಜೀವವನ್ನೂ ಕಳೆದುಕೊಂಡು ಸತ್ತ. ಮತ್ತೆ ಏಳಲಿಲ್ಲ. ಬೇಸರಕ್ಕೆ ಒಂದು ಗುಂಡಿ ಒತ್ತಿದ. ಸಿಪಾಯಿ ದಿಢೀರನೆ ಎದ್ದು ನಿಂತ.

ಯೂಸುಫ ಟಿವಿ ಪರದೆಯ ಮೂಲೆ ನೋಡಿದ. "ನನ್ನ ಕಡಿ ಮೂರು ಜೀವ ಇದ್ದುವು. ಎರಡ ಆದುವಲ್ಲ?"

ಇಸ್ಮಾಯಿಲಸಾಬ ಗುಂಡಿಯ ಮೇಲಿನ ಹೆಬ್ಬೆರಳನ್ನೇ ನೋಡಿದ. ಇವನ ಜೀವ ಮುಗಿದರೆ ಅವನದರಲ್ಲಿ ಒಂದು ಇವನಿಗೆ ಬರುವ ಆಟ ಅದು.

"ಕೇಳಲಾರದ ತಗೊಂಡೆ, ಯೂಸುಫ. ತಪ್ಪಾತು."

ತಪ್ಪು ಜೀವದ್ದೋ ಕಾರ್ಡಿನದ್ದೋ, ಯಾರೂ ಬಿಡಿಸಿ ಕೇಳಲಿಲ್ಲ. ಯೂಸುಫ ಮೊದಲು ಎದುರಿಗೆ ಬಂದ ವೈರಿಯೊಬ್ಬನನ್ನು ಉರುಳಿಸಿದ.

"ಇರಲಿ ಬಿಡ್ರಿ. ಇನ್ನೂ ಎರಡು ಅದಾವಲ್ಲ. ಬೇಕಾದ್ರ ಇನ್ನೊಂದು ತಗೋರಿ."

ಸೈರಾಬಾನು ಸೆರಗಿನಿಂದ ಕಣ್ಣೊರೆಸಿಕೊಂಡು ಗಂಡನ ಕಿವಿಯ ಬಳಿ ಬಂದಳು. "ಚಿತ್ರದಾಗ ಯಾರ ಕೈಯಾಗ ಏನೈತಿ ಅನ್ನೂದು ನೋಡಬಾರದ್ರಿ. ಗುಂಡಿ ಒತ್ತಿದ್ರ ಬಾಜೂಕ ಕುಂತಾವಗ ಏನಾಕ್ಕೈತಿ ಅನ್ನೂದು ನೋಡಬೇಕು. ಆಟದ ಜಾತಿ ಅದರಾಗ ಐತಿ."

"ಅದನ್ನ ನಾ ಹೇಳಾಕ ಹತ್ತಿದ್ದೆ," ಎಂದ ಮೆಹಬೂಬಸುಭಾನಿ.

ಪಲಾವ್ ಬಂತು. ಇಬ್ಬರೂ ಒಂದೇ ತಾಟಿಗೆ ಕೈ ಹಾಕಿದರು. ಹಾಕಿದವರು ಸುಮ್ಮನೆ ಉಣ್ಣಲಿಲ್ಲ. ಜಬೀನಳ ಶಾದಿಯನ್ನೇ ಕೈಗೆತ್ತಿಕೊಂಡರು. ಅಡಿಗೆಗೆ ಯಾರು, ಚಪ್ಪರ ಎಲ್ಲಿ, ಗಂಡಿನ ಕಡೆಯವರನ್ನು ಎದುರುಗೊಳ್ಳುವವರು ಯಾರು ಎಂದು ಸೇತುವೆ ದಾಟಿದ ಹುರುಪಿನಲ್ಲೇ ಒಂದೊಂದಾಗಿ ಗೆಲ್ಲುತ್ತ ಹೋದರು. ಮೆಹಬೂಬಸುಭಾನಿಗೆ ಎದೆ ಉಬ್ಬಿತು. ಇಷ್ಟೆಲ್ಲ ಯಾರಿಂದ ಆದದ್ದು? ಹುಡುಗಿಯ ಅಪ್ಪ ತಾನೇ ಅಲ್ಲವೇ? ಗಂಟಲು ಸರಿಮಾಡಿಕೊಂಡ.

"ನನಗ ಅನಸತೈತಿ, ಚಪ್ಪರ ಪೇಟಿ ಕಡಿ ಹಾಕಿದ್ರ..."

"ನೀ ಸುಮ್ನಿರು, ಮೆಹಬೂಬ," ಎಂದ ಇಸ್ಮಾಯಿಲಸಾಬ.

"ನಿಮಗ ತಿಳಿಯಂಗಿಲ್ಲ ಬಿಡ್ರಿ," ಎಂದ ಯೂಸುಫ, ಅದೇ ಉಸಿರಿನಲ್ಲಿ.

"ಅಡಿಗಿಯವನ್ನರ ನಾ..."

"ಬ್ಯಾಡ," ಎಂದರು ಇಬ್ಬರೂ ಕೂಡಿ. ಎರಡು ವರ್ಷದಲ್ಲಿ ಅವರು ಒಟ್ಟಿಗೆ ಆಡಿದ ಮೊದಲ ಮಾತು ಅದು.

ಮೆಹಬೂಬಸುಭಾನಿ ಎದ್ದು ಅಡಿಗೆಮನೆಗೆ ಬಂದು, ಸೈರಾಬಾನುವಿನ ಎದುರು ಮಣೆಯ ಮೇಲೆ ಕುಸಿದ.

"ನೋಡಿದೇನ? ಒಂದ ಮಾತಿಗಿ ಇಬ್ಬರೂ ಕೂಡಿ ನನ್ನ ಮ್ಯಾಲೆ ಬರತಾರ."

ಸೈರಾಬಾನು ಅವನ ತಾಟಿಗೆ ಪಲಾವಿನ ತಳ ಹಿಡಿದ ಸೀಕು ಕೆರೆದು ಬಡಿಸಿದಳು. ಎರಡು ವರ್ಷದಲ್ಲಿ ಅವಳು ಅಷ್ಟು ಹಗುರಾಗಿ ನಕ್ಕದ್ದನ್ನು ಅವನು ನೋಡಿರಲಿಲ್ಲ.

"ಇಬ್ಬರು ಒಂದ ಕಡಿ ನಿಂತು ಆಡಬೇಕಂದ್ರ ಎದುರಿನ ಕಡಿ ಒಬ್ಬರು ಬೇಕಲ್ರೀ," ಎಂದಳು. "ಶಾದಿ ಮುಗಿಯೂತನಕ ನೀವ ಆಗ್ರಿ."