ಎಣ್ಣೆ ಜಿಡ್ಡಿನ ಟೋಪಿಯ ಸಂಕೇತ

ಇಲ್ಲಿ ಬರೆದಿರುವ ಪ್ರತಿ ಅಕ್ಷರವೂ ಖರೆ. ಬೇಕಾದರೆ ನನ್ನ ಮೀಸೆಯ ಮೇಲೆ ಕೈ ಇಟ್ಟು ಆಣೆ ಮಾಡುತ್ತೇನೆ. ಮೀಸೆ ಸಾಲದಿದ್ದರೆ ಹೆಂಡತಿಯ ಮೇಲೂ ಮಾಡುತ್ತಿದ್ದೆ, ಆದರೆ ಆಕೆ ಪಕ್ಕದಲ್ಲೇ ಕೂತು ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದಾಳೆ. ಇಂಥವೆಲ್ಲ ನಿನಗೇ ಯಾಕೆ ಆಗುತ್ತವೆ ಎಂದು ಅಥಣಿ ತಾಲೂಕಿನ ತುಂಬ ಜನ ಕೇಳುತ್ತಾರೆ. ಉತ್ತರ ಸರಳ. ಪ್ರಸಂಗಗಳಿಗೂ ಒಂದು ಅಂತಸ್ತು ಇರುತ್ತದೆ, ಅವು ಕಂಡಕಂಡವರ ಮನೆಗೆ ಹೋಗುವುದಿಲ್ಲ. ಐಗಳಿಯಲ್ಲಿ ಬಸ್ಸಿಳಿದು, ನನ್ನ ಮನೆ ಯಾವುದು ಎಂದು ಕೇಳಿಕೊಂಡು ಬರುತ್ತವೆ.

ಉಪ್ಪಿನ ಅರ್ಥ

ನನ್ನ ಅಣ್ಣನ ಮಗಳು ಚಿಕ್ಕೋಡಿಯ ಕಾಲೇಜೊಂದರಲ್ಲಿ ಪಾಠ ಹೇಳುತ್ತಾಳೆ. ಒಮ್ಮೆ ರಜೆಗೆ ಬಂದವಳು ಲ್ಯಾಪ್‌ಟಾಪ್ ತೆರೆದು, "ಕಾಕಾ, ಬರ್ರಿ, ನಿಮಗೊಂದು ಪರದೇಶದ ಸಿನೆಮಾ ತೋರಸ್ತೀನಿ" ಅಂದಳು.

ಯುದ್ಧದ ಕಾಲದ ಕಥೆ. ಹೊಳೆಯ ಆ ದಡಕ್ಕೊಬ್ಬ ಹುಡುಗ, ಈ ದಡಕ್ಕೊಬ್ಬ ಹುಡುಗ. ನಡುವೆ ಬಾಂಬು ಬಿದ್ದು ಮುರಿದ ಪೂಲು, ಅಂದರೆ ಸೇತುವೆ. ದೊಡ್ಡವರು ಆಚೆಯಿಂದ ಈಚೆಗೆ, ಈಚೆಯಿಂದ ಆಚೆಗೆ ಗುಂಡು ಹಾರಿಸುತ್ತಾರೆ. ಹುಡುಗರು ಮಾತ್ರ ಕಲ್ಲಿನಿಂದ ಕಲ್ಲಿಗೆ ಜಿಗಿದು ನಡುಹೊಳೆಯಲ್ಲಿ ಸೇರಿ ಆಡುತ್ತಾರೆ. ಜೊತೆಗೊಂದು ಬಿಳಿ ಮೇಕೆ.

"ಬರೇ ಕಥಿ ನೋಡಬ್ಯಾಡ್ರಿ ಕಾಕಾ," ಅಂದಳು ಮಗಳು. "ಕಂಡದ್ದಕ್ಕೆಲ್ಲ ಒಂದು ಅರ್ಥ ಇರತೈತಿ. ಮುರಿದ ಪೂಲು ಅಂದ್ರ ದೊಡ್ಡವರ ಸಿಟ್ಟು. ನೀರಾಗಿನ ಕಲ್ಲು ಅಂದ್ರ ಹುಡುಗರ ನಂಬಿಕಿ. ಇದಕ್ಕ ಸಂಕೇತ ಅಂತಾರ."

ಅರ್ಧ ಸಿನೆಮಾ ನೋಡಿ, ಉಳಿದರ್ಧ ಕಣ್ಣು ಮುಚ್ಚಿ ಚಿಂತನೆ ಮಾಡಿದೆ. ನನ್ನ ಹೆಂಡತಿ ಅದಕ್ಕೆ ಗೊರಕೆ ಎಂಬ ಹೆಸರು ಕೊಟ್ಟಿದ್ದಾಳೆ, ಇರಲಿ. ಎದ್ದು ಎರಡು ಕಪ್ ಚಹಾ ಕುಡಿಯುವುದರೊಳಗೆ ನಾನು ಈ ವಿದ್ಯೆಯಲ್ಲಿ ಪಂಡಿತನಾಗಿದ್ದೆ. ಹಾರೂಗೇರಿ ಬಸ್ಸಿನ ಒಡೆದ ಕಿಟಕಿ ಕಂಡರೂ ಅರ್ಥ ಹೇಳಿದೆ, ಹಿತ್ತಲಲ್ಲಿ ಒಂಟಿ ಕಾಲಲ್ಲಿ ನಿಂತ ಕೋಳಿ ಕಂಡರೂ ಅರ್ಥ ಹೇಳಿದೆ. ಊಟಕ್ಕೆ ಕೂತರೆ ಝುಣಕದಲ್ಲಿ ಉಪ್ಪೇ ಇಲ್ಲ. ಮಗಳ ಮುಂದೆ ಗಂಭೀರವಾಗಿ ಕೇಳಿದೆ, "ಇದು ಯಾವುದರ ಸಂಕೇತ?"

ಹೆಂಡತಿ ಹೇಳಿದಳು, "ಮುಂಜಾನಿಂದ ಅಂಗಡಿಗೆ ಹೋಗ್ರಿ, ಅಂಗಡಿಗೆ ಹೋಗ್ರಿ ಅಂತ ಬಡ್ಕೊಂಡೆನಲ್ಲ, ಅದರ ಸಂಕೇತ."

ಮೊಳೆಗೆ ತೂಗಿದ ಟೋಪಿ

ಈಗ ಮುಖ್ಯ ಸಂಗತಿ. ನನಗೆ ಇಬ್ಬರು ಗೆಳೆಯರು, ಊರಿನ ಎಲ್ಲರಂತೆ ಅವರಿಗೂ ನಾನು ಕಾಕಾ. ಇಬ್ಬರದೂ ದ್ರಾಕ್ಷಿ ತೋಟ. ಒಬ್ಬನದು ದಿನ್ನೆಯ ಮೇಲೆ, ಇನ್ನೊಬ್ಬನದು ಕೆಳಗೆ, ಹಳ್ಳದ ಬದಿಗೆ. ಹಾಗಾಗಿ ಊರಲ್ಲಿ ಅವರ ಹೆಸರೇ ಮೇಲಿನ ತೋಟದವ, ಕೆಳಗಿನ ತೋಟದವ. ಚಡ್ಡಿ ಹಾಕುವುದಕ್ಕೂ ಮೊದಲಿನ ಗೆಳೆತನ. ಒಂದೇ ಸೈಕಲ್ಲಿನಲ್ಲಿ ಶಾಲೆಗೆ ಹೋದವರು. ಒಬ್ಬ ಪೆಡಲ್ ತುಳಿದರೆ ಇನ್ನೊಬ್ಬ ಬೆಲ್ ಬಾರಿಸುವವ. ದೊಡ್ಡವರಾದ ಮೇಲೂ ಇವನ ಔಷಧಿ ಪಂಪು ಅವನ ತೋಟದಲ್ಲಿ, ಅವನ ಟ್ರ್ಯಾಕ್ಟರ್ ಇವನ ತೋಟದಲ್ಲಿ.

ಕೆಲವು ವರ್ಷಗಳ ಹಿಂದೆ ಮೇಲಿನ ತೋಟದವನ ಮಗನ ಮದುವೆ ಕಾಗವಾಡದ ಒಂದು ಮಂಗಲ ಕಾರ್ಯಾಲಯದಲ್ಲಿ ಆಯಿತು. ನಮ್ಮ ಕಡೆ ಮದುವೆಗೆ ಬಂದ ಹಿರಿಯರಿಗೆ ಮರ್ಯಾದೆಯ ಉಡುಗೊರೆ ಕೊಟ್ಟು ಆಯೇರಿ ಮಾಡುತ್ತಾರೆ. ಬಹಳ ಬೇಕಾದವರಿಗೆ ತಲೆಗೆ ಪಟಗಾ ಸುತ್ತುತ್ತಾರೆ, ಅಂದರೆ ಬಣ್ಣದ ರುಮಾಲು. ಉಳಿದವರಿಗೆ ಟಾವೆಲ್ಲು, ಬಿಳಿ ಟೋಪಿ. ಈ ಕಡೆಯ ಗಂಡಸರು ಊಟದಲ್ಲಿ ಉಪ್ಪು ಕಡಿಮೆಯಾದರೆ ಸಹಿಸಿಕೊಳ್ಳುತ್ತಾರೆ, ನಾನೇ ಸಾಕ್ಷಿ. ತಲೆಯ ಮೇಲೆ ಬಟ್ಟೆ ಕಡಿಮೆಯಾದರೆ ಸಹಿಸುವುದಿಲ್ಲ.

ಕೆಳಗಿನ ತೋಟದವ ಪಟಗಾ ಚೆನ್ನಾಗಿ ಕೂರಲಿ ಎಂದು ಹಿಂದಿನ ದಿನವೇ ಕ್ಷೌರ ಮಾಡಿಸಿಕೊಂಡು ಹೋಗಿದ್ದ. ಮುಂದಿನ ಸಾಲಿನಲ್ಲಿ ಕೂತಿದ್ದ. ಮೇಲಿನ ತೋಟದವ ಗದ್ದಲದಲ್ಲಿ ಓಡೋಡಿ ಬಂದು ಇವನ ತಲೆಗೆ ಒಂದು ಟೋಪಿ ಇಟ್ಟು, ಹಾಗೇ ಓಡಿ ಹೋದ. ಇವನು ತೆಗೆದು ನೋಡುತ್ತಾನೆ, ಹಳೆಯ ಟೋಪಿ! ಒಳಗೆ ಎಣ್ಣೆ ಜಿಡ್ಡು! ವಧುವರರ ಮೇಲೆ ಹಾಕುವ ಅಕ್ಕಿಕಾಳಿಗೂ ನಿಲ್ಲದೆ, ಜಿಲೇಬಿಯನ್ನೂ ಮುಟ್ಟದೆ ಎದ್ದು ಬಂದ.

ಮನೆಗೆ ಬಂದವನೇ ಪಡಸಾಲೆಯ ಗೋಡೆಗೆ ಮೊಳೆ ಹೊಡೆದು ಆ ಟೋಪಿ ತೂಗುಹಾಕಿದ. ಯಾರೇ ಬರಲಿ, ಮೊದಲು ಟೋಪಿ ತೋರಿಸುವುದು, ಆಮೇಲೆ ಚಹಾ. "ನೋಡ್ರಿ, ಜನ್ಮದ ಗೆಳೆತನಕ್ಕ ಸಿಕ್ಕ ಮಾನ. ಒಳಗ ಬೆರಳು ಆಡಸ್ರಿ, ಇನ್ನೂ ಎಣ್ಣಿ ಹತ್ತತೈತಿ."

ಮೇಲಿನ ತೋಟದವನನ್ನು ಕೇಳಿದರೆ ಆತ ಬಾಯಿಯೇ ಬಿಡುತ್ತಿರಲಿಲ್ಲ. "ತಿಳಿಲಾರದವಗ ಏನ ಹೇಳೂದು" ಎಂದು ಎದ್ದು ಹೋಗುತ್ತಿದ್ದ. ಹೀಗೇ ವರ್ಷಗಳು ಹೋದವು. ಈಗ ಆತನಿಗೆ ಮೊಮ್ಮಗಳು ಹುಟ್ಟಿದಳು. ತೊಟ್ಟಿಲು ಕಾರ್ಯಕ್ಕೆ ನನ್ನನ್ನು ಕರೆಯಲು ಬಂದವನು ನನ್ನ ಮುಖ ನೋಡದೆ ಅಂಗಳದ ಹುಂಜದ ಮುಖ ನೋಡುತ್ತಾ ಅಂದ, "ಅಂವ ಬರದಿದ್ರ ತೊಟ್ಟಲ ತೂಗಿ ಏನ್ ಚಂದ?"

ಇಬ್ಬರನ್ನೂ ಒಂದುಗೂಡಿಸದಿದ್ದರೆ ನಾನು ಎಂಥ ಪಂಡಿತ? ಕೂಡಲೇ ಕೆಳಗಿನ ತೋಟಕ್ಕೆ ಹೋದೆ. "ಮಾರಾಯಾ, ಆ ಟೋಪಿಗೆ ಒಂದಿಷ್ಟು ಸಾಬಾಣ ಹಚ್ಚಿ ತೊಳದುಬಿಡು, ಮನಸ್ಸೂ ಹಗೂರ ಆಗತೈತಿ" ಅಂದೆ.

ಆತ ಟೋಪಿಗೆ ಅಡ್ಡ ನಿಂತ. "ತೊಳದ್ರ ಸಾಕ್ಷಿ ಹೋಗತೈತಿ!"

ಆಕಾಶದ ಗಾಯ

ಆಗ ನನ್ನ ತಲೆಗೆ ಆ ಸಿನೆಮಾ ಹೊಳೆಯಿತು. ಎರಡು ದಡ, ಇಬ್ಬರು ಹುಡುಗರು, ಮುರಿದ ಪೂಲು. ತೋರಿಸಿದರೆ ಕಲ್ಲೂ ಕರಗೀತು. ಅವನ ಮನೆಗೆ ಇವನು ಹೋಗುವವನಲ್ಲ, ಇವನ ಮನೆಗೆ ಅವನು ಬರುವವನಲ್ಲ. ಆದ್ದರಿಂದ ನಾನು ದ್ರಾಕ್ಷಿ ಒಣಗಿಸುವ ನನ್ನ ಶೆಡ್ಡನ್ನೇ ನಡುಹೊಳೆ ಮಾಡಿದೆ. ನಿಪ್ಪಾಣಿಯಿಂದ ಪ್ರೊಜೆಕ್ಟರ್ ತಂದೆ. ಪರದೆಗೆ, ದ್ರಾಕ್ಷಿಗೆ ಹೊದಿಸುವ ನಮ್ಮದೇ ಬಿಳಿ ತಾಡಪತ್ರಿ ಕಟ್ಟಿದೆ. ಮಗಳು ಚಿಕ್ಕೋಡಿಯಿಂದ ಲ್ಯಾಪ್‌ಟಾಪ್ ಸಮೇತ ಬಂದಳು. ಸಂಜೆಗೆ ಊರಿಗೆ ಊರೇ ಬಂತು. ಗೆಳೆಯರಿಬ್ಬರೂ ಬಂದರು, ಒಬ್ಬ ಶೆಡ್ಡಿನ ಆ ತುದಿ, ಇನ್ನೊಬ್ಬ ಈ ತುದಿ. ನಡುವೆ ಊರು.

ಭಾಷೆ ಯಾರಿಗೂ ತಿಳಿಯದ್ದು, ಆದ್ದರಿಂದ ನಾನೇ ಮೈಕು ಹಿಡಿದು ಅರ್ಥ ಹೇಳತೊಡಗಿದೆ. ನನಗೂ ಆ ಭಾಷೆ ಬರುವುದಿಲ್ಲ, ಆದರೆ ಅದು ನನ್ನ ವೇಗಕ್ಕೆ ಅಡ್ಡಿಯಾಗಲಿಲ್ಲ. ಪರದೆಯ ಮೇಲೆ ಆಕಾಶ ಬಂದಾಗಲೆಲ್ಲ ಎಡಮೂಲೆಯಲ್ಲಿ ಚೌಕಾಕಾರದ ಒಂದು ಕೆಂಪು ಕಲೆ ಕಾಣುತ್ತಿತ್ತು. ಹೊಳೆ ಬದಲಾದರೂ, ಮನೆ ಬದಲಾದರೂ ಕಲೆ ಅಲ್ಲೇ. ಎಷ್ಟು ಆಳವಾದ ದಿಗ್ದರ್ಶಕ ಎಂದು ಮೈ ಜುಮ್ಮೆಂದಿತು.

"ನೋಡ್ರಿ ಮಂದಿ!" ಅಂದೆ. "ಅದು ಯುದ್ಧದ ಗಾಯ! ಹಗಲಾಗಲಿ, ಸಂಜಿ ಆಗಲಿ, ಆಕಾಶದ ಎದಿಮ್ಯಾಗಿನ ಆ ಗಾಯ ಮಾಯೂದುಲ್ಲ!"

ಇಬ್ಬರು ಹೆಂಗಸರು ಕಣ್ಣೊರೆಸಿಕೊಂಡರು. ಆಗ ಹಿಂದಿನಿಂದ ನನ್ನ ಹೆಂಡತಿಯ ದನಿ ಬಂತು: "ಅದು ತಾಡಪತ್ರಿ ಇಲಿ ಕಡದದ್ದು. ತೇಪಿ ಹಚ್ಚಿದಾಕಿ ನಾನು. ನನ್ನ ಹಳೇ ಪೋಲಕಾ ಅದು!"

ಮೇಕೆಯ ಮುಗ್ಧತೆ

ನಗು ಇಳಿಯುವಷ್ಟರಲ್ಲಿ ಮೇಕೆ ಬಂತು. ಮುರಿದ ಪೂಲಿನ ತುದಿಗೆ ಹೋಗಿ ನಿಂತು, ಆ ದಡವನ್ನೊಮ್ಮೆ, ಈ ದಡವನ್ನೊಮ್ಮೆ ನೋಡಿತು. ಹಿಂದೆ ಗುಂಡಿನ ಸದ್ದು. ನನ್ನ ಮೇಲೆ ಜನರ ವಿಶ್ವಾಸ ತುಸು ಕಡಿಮೆಯಾಗಿದ್ದರಿಂದ ಮೈಕನ್ನು ಮಗಳಿಗೆ ಕೊಟ್ಟೆ.

"ಈ ಮ್ಯಾಕಿ ಯಾವ ದಂಡಿಗೂ ಸೇರಿದ್ದಲ್ಲ," ಅಂದಳು ಅವಳು, ತರಗತಿಯ ದನಿಯಲ್ಲಿ. "ಅದಕ್ಕ ವೈರಿ ಯಾರು, ಗೆಳೆಯ ಯಾರು ಗೊತ್ತಿಲ್ಲ. ಬಿಳಿ ಬಣ್ಣ ನೋಡ್ರಿ. ಅದು ಮುಗ್ಧತಿಯ ಸಂಕೇತ."

ಮುಂದಿನ ಸಾಲಿನಲ್ಲಿ ನಮ್ಮ ಓಣಿಯ ಆಯಿ ಕೂತಿದ್ದಳು. ಹುಟ್ಟಿದಾಗಿನಿಂದ ಮೇಕೆ ಕಾಯ್ದವಳು. ಸಿನೆಮಾ ಶುರುವಾದಾಗಿನಿಂದ ಆಕೆ ಹುಡುಗರತ್ತ ಕಣ್ಣೆತ್ತಿ ನೋಡಿರಲಿಲ್ಲ, ದೃಷ್ಟಿಯೆಲ್ಲ ಮೇಕೆಯ ಮೇಲೆ. ಹಾಗೇ ಪರದೆಯ ಹತ್ತಿರ ಹೋಗಿ, ಬಗ್ಗಿ ನೋಡಿ, ತಿರುಗಿ ಮಗಳಿಗೆ ಅಂದಳು:

"ಮುಗ್ಧತಿ ಎಲ್ಲಿದು ತಂಗೀ, ಹೊಟ್ಟಿ ನೋಡು, ಅದು ಗಬ್ಬ ಐತಿ!"

ಹೊಸಾದೋ, ಹಳೇದೋ

ನಾನು ಚಿಂತನೆಯಲ್ಲಿ ಕಳೆದ ಅರ್ಧ ಈಗ ಶುರುವಾಯಿತು. ಅದರಲ್ಲಿ ಏನು ಬರುತ್ತದೆಂದು ನನಗೂ ಗೊತ್ತಿರಲಿಲ್ಲ.

ಒಬ್ಬ ಹುಡುಗನ ಮನೆಯವರು ಗಾಡಿಗೆ ಸಾಮಾನು ಹೇರಿ ಊರು ಬಿಟ್ಟು ಹೊರಟಿದ್ದಾರೆ. ಹುಡುಗರಿಬ್ಬರೂ ನಡುಹೊಳೆಯ ಕಲ್ಲಿನ ಮೇಲೆ ಕಡೆಯ ಸಲ ಸೇರುತ್ತಾರೆ. ಮಾತಿಲ್ಲ. ಉಳಿಯುವ ಹುಡುಗ ತನ್ನ ತಲೆಯ ಮೇಲಿನ ಟೋಪಿ ತೆಗೆಯುತ್ತಾನೆ...

ಟೋಪಿ! ಲ್ಯಾಪ್‌ಟಾಪಿನತ್ತ ಹಾರಿದೆ. ಅಷ್ಟರಲ್ಲಿ ಹುಡುಗ ಆ ಟೋಪಿಯನ್ನು ಗೆಳೆಯನ ತಲೆಗೆ ಇಟ್ಟೇಬಿಟ್ಟ.

"ನಿಂದ್ರಸ್ರಿ ಪಿಚ್ಚರ!" ಕೆಳಗಿನ ತೋಟದವ ಎದ್ದು ನಿಂತಿದ್ದ. ಮಗಳು ಗಾಬರಿಯಿಂದ ಗುಂಡಿ ಒತ್ತಿದಳು. ಪರದೆಯ ಮೇಲೆ ಹುಡುಗರಿಬ್ಬರೂ ಹಾಗೇ ನಿಂತರು. ಕೆಳಗಿನ ತೋಟದವ ನನ್ನತ್ತ ತಿರುಗಿದ. "ಕಾಕಾ, ಆ ಟೋಪಿ ಹೊಸಾದೋ, ಹಳೇದೋ?"

ಸುಳ್ಳು ಹೇಳುವ ಅಭ್ಯಾಸ ನನಗಿಲ್ಲವಲ್ಲ. "ಹಳೇದಪಾ. ತಲಿಮ್ಯಾಗಿಂದ ತಗದಾನ," ಅಂದೆ.

"ಯಾಕ? ಆ ಊರ ಪ್ಯಾಟ್ಯಾಗ ಹೊಸಾದು ಸಿಗತಿದ್ದಿಲ್ಲೇನು?"

ಆ ತುದಿಯಿಂದ ಮೇಲಿನ ತೋಟದವ ಎದ್ದ. ಇವನತ್ತ ನೋಡಲಿಲ್ಲ, ನನ್ನತ್ತ ನೋಡಿ ಅಂದ, "ಕಾಕಾ, ಅವಗ ಹೇಳು. ಪ್ಯಾಟ್ಯಾಗಿಂದು ಯಾರಿಗರ ಕೊಡಾಕ ಬರತೈತಿ. ತಲಿಮ್ಯಾಗಿಂದು ಒಬ್ಬಗ ಕೊಡೂದು."

"ಹಂಗಿದ್ರ ಆ ಹುಡುಗ ಬಾಯಿಬಿಟ್ಟು ಹೇಳಬೇಕಿತ್ತು!"

"ಆ ಹುಡುಗ ಏನಂತ ಹೇಳಾಂವ? ಪಟಗಾ ಎಲ್ಲಾ ಬೀಗರಿಗೇ ಮುಗದಿದ್ದವು. ಗೆಳೆಯಾ ಮುಂದಿನ ಸಾಲಿನ್ಯಾಗ ಕುಂತಾನ, ಇಂವನ ಕೈಯಾಗ ಏನೂ ಇಲ್ಲ. ಬ್ಯಾರೇದವರಿಗೆ ಕೊಡೂ ಟಾವೆಲ್ಲ-ಟೋಪಿ ತನ್ನ ಗೆಳೆಯಾಗ ಕೊಡಾಕ ಮನಸಾಗಲಿಲ್ಲ. ತನ್ನ ಟೋಪಿ ತಗದು ಇಟ್ಟಾನ."

"ಮತ್ತ ಆ ಹುಡುಗನ ತಲಿಮ್ಯಾಲ ಏನಿತ್ತು?"

"ಏನೂ ಇಲ್ಲ. ಮಗನ ಅಕ್ಕಿಕಾಳಿಗೆ ಬೋಳತಲೀಲೆ ನಿಂತಿದ್ದ. ಫೋಟೋ ಬೇಕಾದ್ರ ನೋಡು. ಬೀಗರು ನಕ್ಕರು. ನೀ ನಿಂತು ನೋಡಿದ್ರ ಅಲ್ಲ ತಿಳಿಯೂದು? ಜಿಲೇಬಿನೂ ತಿನ್ನದ ಓಡಿದಿ!"

ಕೆಳಗಿನ ತೋಟದವ ಪರದೆ ನೋಡಿದ. ಟೋಪಿ ಕೊಟ್ಟ ಹುಡುಗನ ಬರಿತಲೆ ನೋಡಿದ. ಹೆಗಲ ಮೇಲಿನ ಟಾವೆಲ್ಲು ಮುಖಕ್ಕೆ ಹಿಡಿದುಕೊಂಡು ಹೊರಗೆ ನಡೆದುಬಿಟ್ಟ. ಎಲ್ಲರೂ ತಲೆ ತಗ್ಗಿಸಿ ಕೂತಿದ್ದಾಗ ಆಯಿ ಮಾತ್ರ ಮಗಳ ಸೆರಗು ಜಗ್ಗಿ ಸಿಟ್ಟಿನಿಂದ ಕೇಳಿದಳು:

"ಏ ತಂಗೀ, ಹಿಂದಕ ತಿರುಗಸು. ಆ ಹುಡುಗನ ಮಗನ ಮದುವಿ ಯಾವಾಗ ಆತು? ನಾ ಮ್ಯಾಕಿ ನೋಡ್ಕೋತ ಕುಂತು ತಪ್ಪಿಸಿಕೊಂಡ್ನಿ!"

ಪಟಗಾ

ತೊಟ್ಟಿಲು ಕಾರ್ಯದ ದಿನ. ಮೇಲಿನ ತೋಟದಲ್ಲಿ ಮಂಟಪ ಹಾಕಿತ್ತು. ಮೇಲಿನ ತೋಟದವ ಬಂದವರಿಗೆಲ್ಲ ಬರ್ರಿ, ಬರ್ರಿ ಅನ್ನುತ್ತಿದ್ದ, ಕಣ್ಣು ಮಾತ್ರ ಗೇಟಿನ ಮೇಲೆ. ಹೆಂಗಸರು ತೊಟ್ಟಿಲಿಗೆ ಹೂ ಕಟ್ಟಿ ಮುಗಿಸಿದರು. "ಹೊತ್ತಾತು, ಕೂಸಿನ್ನ ಹಾಕೂನು?" ಎಂದು ಕೇಳಿದರು. "ಸ್ವಲ್ಪ ತಡೀರಿ," ಅಂದ. ಮತ್ತೆ ಕೇಳಿದರು. ಮತ್ತೆ ತಡೀರಿ ಅಂದ. ನಾನು ಪಂಡಿತನ ಗಾಂಭೀರ್ಯ ಬಿಟ್ಟು ಉಗುರು ಕಚ್ಚುತ್ತಿದ್ದೆ.

ಆಗ ಗೇಟಿನಲ್ಲಿ ಕೆಳಗಿನ ತೋಟದವ ಕಾಣಿಸಿದ. ಇಸ್ತ್ರಿ ಮಾಡಿದ ಧೋತರ, ಹೊಸ ಅಂಗಿ. ತಲೆಯ ಮೇಲೆ ಅದೇ ಟೋಪಿ. ಮೊಳೆ ಚುಚ್ಚಿದ ಕಡೆ ಚೂಪಾಗಿ ಮೇಲಕ್ಕೆದ್ದು, ದೂರದಿಂದ ಸಣ್ಣ ದೇವಸ್ಥಾನದ ಶಿಖರದಂತೆ ಕಾಣುತ್ತಿತ್ತು.

ಬಂದವನು ಸೀದಾ ಗೆಳೆಯನ ಮುಂದೆ ನಿಂತ. "ಜಿಲೇಬಿ ಮಾಡಿಸಿಯೋ, ಇಲ್ಲೋ?"

"ನಿನ್ನ ಪಾಲಿಂದು ಅವತ್ತಿಂದ ಇಟ್ಟೀನಿ ಲೇ, ಬಾ. ಗಟ್ಟಿ ಆಗ್ಯಾವು, ನಿನ್ನ ತಲಿಯಷ್ಟು."

ಇಬ್ಬರೂ ಅಪ್ಪಿಕೊಂಡರು. ಬಿಡಿಸಲು ನಾನೇ ಹೋಗಬೇಕಾಯಿತು, ಕೂಸು ಅಳುತ್ತಿತ್ತು. ಮೇಲಿನ ತೋಟದವ ಕೇಸರಿ ಬಣ್ಣದ ಪಟಗಾ ತರಿಸಿ ತನ್ನ ಕೈಯಾರೆ ಗೆಳೆಯನಿಗೆ ಸುತ್ತತೊಡಗಿದ. ಅದೆಂಥ ಪಟಗಾ! ಬಿಚ್ಚಿ ಹಾಸಿದ್ದರೆ ಐಗಳಿಯಿಂದ ಅಥಣಿ ತನಕ ಮುಟ್ಟುತ್ತಿತ್ತು. ಸುತ್ತಿದ, ಸುತ್ತಿದ, ಹಣೆ ಮುಚ್ಚಿತು, ಕಿವಿ ಮುಚ್ಚಿತು. ಒಳಗಿನಿಂದ ಕೆಳಗಿನ ತೋಟದವನ ದನಿ ಬಂತು, "ಸಾಕೋ ಮಾರಾಯಾ, ಮಾನ ಬಾಳ ಆತು, ದಮ್ಮ ಹತ್ತಾಕತ್ತೈತಿ!"

ನಾನು ಪಕ್ಕದಲ್ಲೇ ಎದೆ ಮುಂದೆ ಮಾಡಿ ನಿಂತಿದ್ದೆ. ಇಷ್ಟೆಲ್ಲ ಜೋಡಿಸಿದವ ನಾನು. ಮುಂದಿನ ಪಟಗಾ ಯಾರದೆಂದು ಕೇಳಬೇಕೇ? ಹಿಂದಿನ ದಿನವೇ ಹಾರೂಗೇರಿಗೆ ಹೋಗಿ ಕ್ಷೌರವನ್ನೂ ಮಾಡಿಸಿಕೊಂಡು ಬಂದಿದ್ದೆ. ತಲೆ ತುಸು ಬಗ್ಗಿಸಿ ಅನುಕೂಲ ಮಾಡಿಕೊಟ್ಟೆ.

ಮೇಲಿನ ತೋಟದವ ಬುಟ್ಟಿಗೆ ಕೈ ಹಾಕಿದ. ಬುಟ್ಟಿ ಖಾಲಿ. ಗೆಳೆಯನ ಮುಖ ನೋಡಿದ. ಗೆಳೆಯ ಇವನ ಮುಖ ನೋಡಿದ. ಪಟಗಾ ಸುತ್ತುವಾಗ ತೆಗೆದ ಟೋಪಿ ಇನ್ನೂ ಕೆಳಗಿನ ತೋಟದವನ ಕೈಯಲ್ಲೇ ಇತ್ತು. ಆತ ಅದನ್ನು ನಿಧಾನಕ್ಕೆ ನನ್ನ ತಲೆಗೆ ಇಟ್ಟು, ಎರಡೂ ಕೈಯಿಂದ ಒತ್ತಿ ಕೂರಿಸಿದ.

"ಕಾಕಾ," ಅಂದ, "ಸಂಕೇತ ನಿನಗ ಬಿಡಿಸಿ ಹೇಳಬೇಕೇನು?"

ಆ ಟೋಪಿ ಈಗ ನಮ್ಮ ಪಡಸಾಲೆಯ ಮೊಳೆಗಿದೆ. ಯಾರೇ ಬರಲಿ, ಮೊದಲು ಅದನ್ನು ತೋರಿಸುತ್ತೇನೆ. ಒಳಗೆ ಬೆರಳು ಆಡಿಸಿ ನೋಡಿ ಅನ್ನುತ್ತೇನೆ, ಇಬ್ಬರ ಎಣ್ಣೆಯೂ ಹತ್ತುತ್ತದೆ.

ಇದಿಷ್ಟೂ ಖರೆ. ಸೊಪ್ಪು ಬಿಡಿಸುತ್ತಿರುವವಳು ನನ್ನತ್ತ ನೋಡುತ್ತಿದ್ದಾಳೆ, ಆದ್ದರಿಂದ ಕೈಯಿಂದ ಹಾಕಿದ ಒಂದು ಸಣ್ಣ ಮಾತನ್ನು ಒಪ್ಪಿಕೊಂಡುಬಿಡುತ್ತೇನೆ. ಆ ಪಟಗಾ ಬಿಚ್ಚಿದರೆ ಅಥಣಿ ತನಕ ಮುಟ್ಟುತ್ತಿತ್ತು ಅಂದೆನಲ್ಲ, ಅದು ಸುಳ್ಳು. ಐಗಳಿ ಬಸ್ ಸ್ಟ್ಯಾಂಡ್ ತನಕ, ಅಷ್ಟೇ.